ಚಿಟ್ಟೆ ಬೇಕು, ಹುಳ ಬೇಡವೇ?



ನಮ್ಮ ಶಾಲೆಯಲ್ಲಿ ಒಂದು ಚಿಟ್ಟೆ ಪಾರ್ಕ್ ಮಾಡಬೇಕು ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಒಂದು ಗುಂಪಿನವರು, “ಬಲೆ ಕಟ್ಟಿ, ಒಳಗೆ ಹೂವಿನ ಕುಂಡ ಇಟ್ಟು, ಚಿಟ್ಟೆ ಹಿಡಿದು ಬಿಡೋಣ” ಅನ್ನುತ್ತಾರೆ. ಇನ್ನೊಂದು ಗುಂಪಿನವರು, “ಅದೆಲ್ಲ ದುಡ್ಡು ದಂಡ ಕಣ್ರೋ, ಅದರ ಬದಲು ಎರಡು ವಾಲಿಬಾಲ್ ತರಿಸಬಹುದು” ಅನ್ನುತ್ತಾರೆ. ಇದೇ ಹೊತ್ತಿಗೆ ಇನ್ನೊಂದು ಸುದ್ದಿಯೂ ಬಂದಿದೆ. ಶಾಲೆಯ ಹಿಂದಿನ ಬೇಲಿ ಸಾಲಿಗೆ ಕಳೆನಾಶಕ ಹೊಡೆಸಿ, ಎಕ್ಕದ ಗಿಡ, ಬಳ್ಳಿ ಎಲ್ಲವನ್ನೂ ತೆಗೆಸಿ ‘ಕ್ಲೀನ್’ ಮಾಡಿಸುವ ವಿಚಾರ ಮುಂದಿನ ಎಸ್‌ಡಿಎಂಸಿ ಸಭೆಗೆ ಬರುತ್ತದಂತೆ. ಮುಂದೆ ಚಿಟ್ಟೆ ಪಾರ್ಕ್ ಕಟ್ಟುವುದು, ಹಿಂದೆ ಚಿಟ್ಟೆಯ ಊಟಕ್ಕೆ ವಿಷ ಹಾಕುವುದು! ಈ ಎರಡೂ ಒಟ್ಟಿಗೆ ನಡೆಯಬಾರದು ಎಂಬುದೇ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ, ದಯಮಾಡಿ ಕೊನೆಯವರೆಗೆ ಓದಿ.

ಮೊದಲು ಚಿಟ್ಟೆ ಪಾರ್ಕ್ ಅಂದರೆ ಏನು ಅಂತ ನೋಡೋಣ. ಬೆಂಗಳೂರಿನ ಬನ್ನೇರುಘಟ್ಟದ್ದನ್ನೇ ತೆಗೆದುಕೊಳ್ಳೋಣ. ಅದು 2006ರಲ್ಲಿ ಶುರುವಾಯಿತು. ನಮ್ಮ ದೇಶದ ಮೊದಲ ಚಿಟ್ಟೆ ಪಾರ್ಕ್ ಅದೇ. ಒಟ್ಟು ಏಳೂವರೆ ಎಕರೆ ಜಾಗ. ನಡುವೆ 10,000 ಚದರ ಅಡಿಯ ದುಂಡನೆಯ ದೊಡ್ಡ ಮನೆ, ಅದಕ್ಕೆ ಬೆಳಕು ಒಳಗೆ ಬರುವಂಥ ಪಾರದರ್ಶಕ ಛಾವಣಿ. ಒಳಗೆ ಗಿಡ, ಹೂವು, ಸಣ್ಣ ಜಲಪಾತ, ತಂಪು ತೇವದ ಗಾಳಿ. ಚಿಟ್ಟೆಗಳು ನೋಡಲು ಬಂದವರ ಪಕ್ಕದಲ್ಲೇ ಹಾರಾಡುತ್ತವೆ. ಪ್ರವಾಸ ಹೋದವರು ಇಷ್ಟನ್ನೇ ನೋಡಿ, ಐಸ್‌ಕ್ರೀಂ ತಿಂದು ಬಸ್ಸು ಹತ್ತುತ್ತಾರೆ.

ಆದರೆ ನಿಜವಾದ ಕೆಲಸ ಇರುವುದು ಹುಳದಲ್ಲಿ. ಬಹುಪಾಲು ಚಿಟ್ಟೆಗಳು ರೆಕ್ಕೆ ಬಂದ ಮೇಲೆ ಬದುಕುವುದು ಎರಡು ಮೂರು ವಾರ ಅಷ್ಟೆ. ಆದ್ದರಿಂದ ಪಾರ್ಕಿನಲ್ಲಿ ಪ್ರತಿದಿನ ಹೊಸ ಚಿಟ್ಟೆ ಇರಬೇಕಾದರೆ, ಪ್ರತಿದಿನ ಎಲ್ಲೋ ಒಂದು ಕಡೆ ಹುಳ ಸಾಕುತ್ತಿರಬೇಕು. ಮೊಟ್ಟೆ ಹುಡುಕಿ ತರಬೇಕು. ಆಯಾ ಹುಳಕ್ಕೆ ಆಯಾ ಗಿಡದ ಸೊಪ್ಪನ್ನೇ ಹಾಕಬೇಕು. ಹಿಕ್ಕೆ ತೆಗೆಯಬೇಕು. ಇರುವೆ, ಹಲ್ಲಿ, ಜೇಡ, ಕಣಜ ಬರದಂತೆ ಕಾಯಬೇಕು. ಕೋಶ ಕಟ್ಟಿದ ಮೇಲೆ ಅದನ್ನು ಜೋಪಾನವಾಗಿ ನೇತುಹಾಕಬೇಕು.

ಇದನ್ನು ಓದುವಾಗ ನಿಮಗೆ ಏನಾದರೂ ನೆನಪಿಗೆ ಬಂತೇ? ಬರಲೇಬೇಕು. ಇದು ನಮ್ಮ ಮನೆಗಳ ರೇಷ್ಮೆ ಹುಳದ ಕೆಲಸವೇ! ಮಳವಳ್ಳಿ ಸೀಮೆಯಲ್ಲಿ ಹುಟ್ಟಿದ ನಮಗೆ ಹುಳ ಸಾಕುವುದನ್ನು ಯಾವ ಪಾರ್ಕಿನವರೂ ಹೊಸದಾಗಿ ಕಲಿಸಬೇಕಾಗಿಲ್ಲ. ರೇಷ್ಮೆ ಹುಳ ನಾಲ್ಕು ಜ್ವರ ಏಳುತ್ತದೆ, ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಹಣ್ಣಾದ ಮೇಲೆ ಚಂದ್ರಿಕೆಗೆ ಬಿಡಬೇಕು ಎಂಬುದೆಲ್ಲ ನಮಗೆ ಗೊತ್ತು. ಚಿಟ್ಟೆಯ ಹುಳವೂ ಹೀಗೆಯೇ ಪೊರೆ ಬಿಟ್ಟು ಬಿಟ್ಟು ಬೆಳೆಯುತ್ತದೆ. ಹುಳು ಮನೆಯ ಕಿಟಕಿಗೆ ಊಜಿ ಬಲೆ ಯಾಕೆ ಕಟ್ಟುತ್ತಾರೆ? 1980ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಊಜಿ ನೊಣ ಹುಳದ ಮೈಮೇಲೆ ಮೊಟ್ಟೆ ಇಟ್ಟು ಕೊಲ್ಲುತ್ತದೆ, ಅದಕ್ಕೆ. ಚಿಟ್ಟೆ ಹುಳಕ್ಕೂ ಅಂಥದೇ ಶತ್ರುಗಳಿವೆ. ಸಾಕುವ ಮನೆಯಲ್ಲಿ ಬಲೆ ಬೇಕಾಗುವುದು ಹೆಚ್ಚಾಗಿ ಈ ಕಾರಣಕ್ಕೆ.

ವ್ಯತ್ಯಾಸ ಎರಡಿವೆ. ಒಂದು, ನಾವು ರೇಷ್ಮೆ ಗೂಡನ್ನು ಪತಂಗ ಹೊರಬರುವ ಮುಂಚೆಯೇ ರಾಮನಗರದ ಮಾರುಕಟ್ಟೆಗೆ ಕಳಿಸುತ್ತೇವೆ. ಪತಂಗ ಗೂಡು ತೂತು ಮಾಡಿದರೆ ನೂಲು ಹಾಳು. ಚಿಟ್ಟೆ ಸಾಕುವವರು ಕೋಶ ಒಡೆದು ರೆಕ್ಕೆ ಬರಲಿ ಅಂತಲೇ ಕಾಯುತ್ತಾರೆ. ಎರಡು, ರೇಷ್ಮೆ ಪತಂಗ ಸಾವಿರಾರು ವರ್ಷ ಮನುಷ್ಯನ ಕೈಯಲ್ಲೇ ಬೆಳೆದು ಹಾರುವುದನ್ನೇ ಬಿಟ್ಟಿದೆ, ಅದಕ್ಕೆ ನಾವೇ ಸೊಪ್ಪು ತಂದು ಹಾಕಬೇಕು. ಚಿಟ್ಟೆಗೆ ಹಾಗಲ್ಲ. ಗಿಡ ಇದ್ದರೆ ಸಾಕು, ತಾನೇ ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತದೆ.

ಈ ಮಾತಿಗೆ ಸಾಕ್ಷಿ ದಕ್ಷಿಣ ಕನ್ನಡದಲ್ಲಿದೆ. ಮೂಡಬಿದ್ರೆ ಹತ್ತಿರ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಎಂಬುವರು ತಮ್ಮದೇ ಜಾಗದಲ್ಲಿ ಒಂದು ಚಿಟ್ಟೆ ಪಾರ್ಕ್ ಮಾಡಿ 2013ರಲ್ಲಿ ಜನರಿಗೆ ತೆರೆದರು. ಅಲ್ಲಿ ಮೇಲೆ ಛಾವಣಿ ಇಲ್ಲ, ಸುತ್ತ ಬಲೆಯೂ ಇಲ್ಲ. ಯಾವ ಚಿಟ್ಟೆಗೆ ಯಾವ ಸೊಪ್ಪು ಬೇಕು ಅಂತ ತಿಳಿದು ಆ ಗಿಡಗಳನ್ನು ಬೆಳೆಸಿದ್ದಾರೆ. ನೂರಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳು ತಾವಾಗಿಯೇ ಅಲ್ಲಿಗೆ ಬರುತ್ತವೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಅಲ್ಲಿದೆ. ಅಂಗೈಗಿಂತ ಅಗಲವಾದ, ಹಳದಿ, ಕೆಂಪು, ಕಪ್ಪು ಬಣ್ಣದ ಚಿಟ್ಟೆ ಅದು. ಅದು ಪಶ್ಚಿಮ ಘಟ್ಟದ್ದು, ನಮ್ಮ ಬಯಲಿಗೆ ಬರುತ್ತದೆ ಅಂತ ಆಸೆ ಪಡುವುದು ಬೇಡ. ಆದರೆ ಅದರ ಹುಳ ತಿನ್ನುವ ಈಶ್ವರಿ ಬಳ್ಳಿ ನಮ್ಮ ಬೇಲಿಯಲ್ಲೂ ಇದೆ. ಅದೇ ಬಳ್ಳಿಯನ್ನು ನಂಬಿ ನಮ್ಮ ಕಡೆ ಕ್ರಿಮ್ಸನ್ ರೋಸ್ ಎಂಬ ಕೆಂಪು ಹೊಟ್ಟೆಯ ಚಿಟ್ಟೆ ಬದುಕುತ್ತದೆ.

ಹಾಗಾದರೆ ನಮ್ಮ ಬೇಲಿಯಲ್ಲಿ ಏನೇನಿದೆ? ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಂತೆ ನಾವು ನಾಲ್ಕು ಜನ ಪಟ್ಟಿ ಮಾಡಿದ್ದೇವೆ:

ಎಕ್ಕದ ಗಿಡ – ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ. ಇದರ ಹುಳ ಎಕ್ಕದ ಹಾಲಿನ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಅದಕ್ಕೇ ಹಕ್ಕಿಗಳು ಈ ಚಿಟ್ಟೆಯ ತಂಟೆಗೆ ಹೋಗುವುದಿಲ್ಲ. ಮೊಟ್ಟೆಯಿಂದ ಚಿಟ್ಟೆ ಆಗಲು ಮೂರು ನಾಲ್ಕು ವಾರ ಸಾಕು.

ಕಣಗಿಲೆ – ಕಂದು ಬಣ್ಣದ ಕಾಮನ್ ಕ್ರೋ. ಇದರ ಕೋಶ ಬೆಳ್ಳಿಯ ಲೋಲಾಕಿನ ಹಾಗೆ ಹೊಳೆಯುತ್ತದೆ.

ತಂಗಡಿ, ಕಕ್ಕೆ – ತಿಳಿ ಹಳದಿ, ತಿಳಿ ಹಸಿರು ಬಣ್ಣದ ಎಮಿಗ್ರೆಂಟ್ ಚಿಟ್ಟೆಗಳು.

ಹರಳು ಗಿಡ – ಕ್ಯಾಸ್ಟರ್ ಚಿಟ್ಟೆ.

ನಿಂಬೆ, ಕರಿಬೇವು, ಬಿಲ್ಪತ್ರೆ – ನಿಂಬೆ ಚಿಟ್ಟೆ ಮತ್ತು ಕಾಮನ್ ಮಾರ್ಮನ್. ಇವುಗಳ ಹುಳ ಚಿಕ್ಕದಿದ್ದಾಗ ಥೇಟ್ ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತದೆ. ದೊಡ್ಡದಾದ ಮೇಲೆ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೊಂಬಿನಂಥದ್ದು ಹೊರಗೆ ಬಂದು ಘಾಟು ವಾಸನೆ ಹೊಡೆಯುತ್ತದೆ.

ಈಶ್ವರಿ ಬಳ್ಳಿ – ಮೇಲೆ ಹೇಳಿದ ಕ್ರಿಮ್ಸನ್ ರೋಸ್. ಇದೂ ವಿಷದ ಚಿಟ್ಟೆ. ತಮಾಷೆ ಏನೆಂದರೆ, ಕರಿಬೇವಿನ ಮೇಲೆ ಬೆಳೆದ ಕಾಮನ್ ಮಾರ್ಮನ್ ಹೆಣ್ಣುಗಳಲ್ಲಿ ಕೆಲವು ಈ ಚಿಟ್ಟೆಯದೇ ವೇಷ ಹಾಕಿಕೊಂಡು ಹಕ್ಕಿಗಳಿಗೆ ಮೋಸ ಮಾಡುತ್ತವೆ!

ನೋಡಿದಿರಾ? ನಾವು ‘ಕಸ’ ಅನ್ನುವ ಆ ಬೇಲಿ ಒಂದು ಚಿಟ್ಟೆ ಪಾರ್ಕೇ. ಅದಕ್ಕೆ ಬೋರ್ಡ್ ಇಲ್ಲ, ಟಿಕೆಟ್ ಇಲ್ಲ, ಅಷ್ಟೆ.

ನಾವು ಚಿಟ್ಟೆ ಅಂದ ಕೂಡಲೇ ಹೂವು ಅನ್ನುತ್ತೇವೆ. ಈ ಗೋಡೆಪತ್ರಿಕೆಯ ಅಂಚಿನಲ್ಲೂ ಚಿಟ್ಟೆ, ಹೂವು ಬಿಡಿಸಿದ್ದಾರೆ, ಹುಳವನ್ನು ಯಾರೂ ಬಿಡಿಸಿಲ್ಲ. ಹೂವಿನ ಮಕರಂದ ರೆಕ್ಕೆ ಬಂದ ಚಿಟ್ಟೆಗೆ ಊಟ. ಆದರೆ ಹುಳಕ್ಕೆ ಬೇಕಾದ್ದು ಸೊಪ್ಪು, ಅದೂ ತನ್ನದೇ ಗಿಡದ್ದು. ಕುಂಡದಲ್ಲಿ ಗುಲಾಬಿ ಇಟ್ಟರೆ ಚಿಟ್ಟೆ ಬಂದು ಕೂತು ಹೋಗಬಹುದು, ಸಂಸಾರ ಹೂಡುವುದಿಲ್ಲ. ನೆಂಟರ ಮನೆಗೆ ಬಂದು ಕಾಫಿ ಕುಡಿದು ಹೋದ ಹಾಗೆ!

ಈಗ ವಿಷದ ಮಾತು. ಹುಳು ಮನೆ ಇರುವವರು ಅಕ್ಕಪಕ್ಕದ ಹೊಲದವರಿಗೆ ಏನು ಹೇಳುತ್ತಾರೆ? “ಅಣ್ಣೋ, ನಮ್ಮನೇಲಿ ಹುಳ ಅವೆ, ಇವತ್ತು ಔಷ್ದಿ ಹೊಡೀಬ್ಯಾಡ ಕಣಣ್ಣ” ಅಂತ ಕೈ ಮುಗಿಯುತ್ತಾರೆ. ಗಾಳಿಯಲ್ಲಿ ಬಂದ ಕೀಟನಾಶಕ ಹಿಪ್ಪುನೇರಳೆ ಸೊಪ್ಪಿಗೆ ತಾಕಿದರೆ ಇಡೀ ಬೆಳೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಚಿಟ್ಟೆ ಹುಳವೂ ಅಷ್ಟೇ ಮೆತ್ತಗಿನ ಜೀವ. ಅದರ ಪರವಾಗಿ ಕೈ ಮುಗಿಯುವವರು ಯಾರೂ ಇಲ್ಲ. ಕಳೆನಾಶಕ ಹುಳವನ್ನು ನೇರವಾಗಿ ಕೊಲ್ಲದಿದ್ದರೂ ಸೊಪ್ಪನ್ನು ಒಣಗಿಸುತ್ತದೆ. ಸೊಪ್ಪು ಒಣಗಿದರೆ ಹುಳ ಉಪವಾಸ ಸಾಯುತ್ತದೆ. ನಾಲೆ ನೀರು ಬಂದ ಮೇಲೆ ನಮ್ಮ ಕಡೆ ಎಲ್ಲಾ ಕಬ್ಬು, ಭತ್ತ. ಹಳೆ ಬೇಲಿಗಳು ಹೋಗಿ ಕಲ್ಲುಕಂಬ, ತಂತಿ ಬಂದಿವೆ. ಬದುಗಳು ಸಣ್ಣದಾಗಿವೆ. ಕಬ್ಬಿನ ತರಗಿಗೆ ಬೆಂಕಿ ಇಟ್ಟಾಗ ಬದುವಿನ ಗಿಡವೂ ಸುಡುತ್ತದೆ. ಹೀಗಿರುವಾಗ ಶಾಲೆಯ ಬೇಲಿಯಂಥ ಜಾಗ ಉಳಿದಿರುವುದೇ ಹೆಚ್ಚು.

ವಿರೋಧ ಹೇಳುವವರ ಮಾತನ್ನೂ ಕೇಳಬೇಕು. “ಬೇಲಿಯಲ್ಲಿ ಹಾವು ಸೇರುತ್ತದೆ, ಚಿಕ್ಕ ಮಕ್ಕಳು ಓಡಾಡುತ್ತಾರೆ” ಅನ್ನುತ್ತಾರೆ. ಇದು ನ್ಯಾಯವಾದ ಭಯ. ಅದಕ್ಕೆ ಕೊಠಡಿ, ಶೌಚಾಲಯ, ನೀರಿನ ತೊಟ್ಟಿಯ ದಾರಿ ಪಕ್ಕ ಇರುವುದನ್ನೆಲ್ಲ ಕುಡುಗೋಲಿನಲ್ಲಿ ಸವರಿಸಲಿ. ಹಿಂದಿನ ಮೂಲೆಯ ಸಾಲನ್ನು ಮಾತ್ರ ಬಿಡಲಿ. “ಹುಳ ಮುಟ್ಟಿದರೆ ನವೆ ಆಗುತ್ತದೆ” ಅನ್ನುತ್ತಾರೆ. ನುಗ್ಗೆ ಮರದ ಕಂಬಳಿ ಹುಳದಿಂದ ನವೆ ಆಗುವುದು ನಿಜ, ಆದರೆ ಅದು ಪತಂಗದ ಜಾತಿ. ಪಟ್ಟಿಯಲ್ಲಿರುವ ಎಕ್ಕ, ನಿಂಬೆ, ಕಣಗಿಲೆಯ ಹುಳಗಳಿಂದ ಅಂಥ ನವೆ ಇಲ್ಲ. “ನಿಂಬೆ ತೋಟಕ್ಕೆ ಹುಳ ನಷ್ಟ ಅಲ್ವಾ?” ಅಂತ ಅಪ್ಪನಂಥವರು ಕೇಳುತ್ತಾರೆ. ಹೌದು, ಎಳೆ ಸಸಿಗೆ ನಷ್ಟವೇ. ತೋಟದವರು ಹುಳವನ್ನು ಆರಿಸಿ ತೆಗೆಯುವುದು ತಪ್ಪೂ ಅಲ್ಲ. ಶಾಲೆಯ ಒಂದು ನಿಂಬೆ ಗಿಡ, ಒಂದು ಕರಿಬೇವನ್ನು ಹುಳಕ್ಕೆ ಅಂತ ಬಿಟ್ಟರೆ ಯಾರ ಸಂಸಾರವೂ ಮುಳುಗುವುದಿಲ್ಲ.

ಹಾಗಂತ ಹಸಿರಾಗಿರುವುದೆಲ್ಲ ಇರಲಿ ಅಂತ ನಾನು ಹೇಳುವುದಿಲ್ಲ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಕಿತ್ತು ಹಾಕಬೇಕು. ಅದು ಉಬ್ಬಸ ತರುವ ಗಿಡ. ಲಾಂಟಾನ ಹೂವಿಗೆ ಚಿಟ್ಟೆ ಬರುತ್ತದೆ ನಿಜ, ಆದರೆ ಹೊರದೇಶದಿಂದ ಬಂದ ಆ ಗಿಡ ಕಾಡನ್ನೇ ಮುಚ್ಚಿಕೊಂಡು ಬೇರೆ ಗಿಡ ಬೆಳೆಯದ ಹಾಗೆ ಮಾಡಿದೆ. ಅದನ್ನು ಹೊಸದಾಗಿ ನೆಡುವುದು ಬೇಡ.

ದೂರದ ಒಂದು ಉದಾಹರಣೆ ಹೇಳುತ್ತೇನೆ. ಆಫ್ರಿಕಾದ ಕೀನ್ಯಾ ದೇಶದಲ್ಲಿ ಅರಬುಕೊ-ಸೊಕೊಕೆ ಎಂಬ ಕಾಡಿದೆ. ಸುತ್ತಲಿನ ರೈತರಿಗೆ ಆ ಕಾಡಿನ ಮೇಲೆ ಕೋಪ. ಆನೆ, ಕೋತಿ ಬಂದು ಬೆಳೆ ತಿನ್ನುತ್ತವೆ, ಕಾಡು ಕಡಿದು ಹೊಲ ಕೊಡಿ ಅನ್ನುವವರು ಬಹಳ. ಅಲ್ಲಿ 1993ರಲ್ಲಿ ‘ಕಿಪೆಪೆಯೊ’ ಎಂಬ ಯೋಜನೆ ಶುರುವಾಯಿತು. ಅವರ ಭಾಷೆಯಲ್ಲಿ ಹಾಗೆಂದರೆ ಚಿಟ್ಟೆ. ರೈತರು ಕಾಡಿನ ಅಂಚಿನಲ್ಲಿ ಚಿಟ್ಟೆ ಹುಳ ಸಾಕಿ, ಕೋಶಗಳನ್ನು ವಿದೇಶದ ಚಿಟ್ಟೆ ಮನೆಗಳಿಗೆ ಮಾರುತ್ತಾರೆ. ಕಾಡು ಇದ್ದರೆ ತಾನೇ ಚಿಟ್ಟೆ, ಚಿಟ್ಟೆ ಇದ್ದರೆ ತಾನೇ ದುಡ್ಡು? ಹೀಗೆ ಕಾಡು ಬೇಡ ಅಂದವರಲ್ಲಿ ಅನೇಕರು ಕಾಡು ಇರಲಿ ಅನ್ನತೊಡಗಿದರು. ನಾವು ಕೋಶ ಮಾರಬೇಕು ಅಂತ ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಎಷ್ಟೋ ಚಿಟ್ಟೆಗಳೂ ಇವೆ. ಅವನ್ನು ಹಿಡಿದು ಮಾರುವುದು ಅಪರಾಧ. ಉಪಯೋಗ ಕಂಡರೆ ಜನರೇ ಕಾಯುತ್ತಾರೆ ಎಂಬುದನ್ನು ಮಾತ್ರ ಅವರಿಂದ ಕಲಿಯಬಹುದು. ನಮಗೆ ಸಿಗುವ ಉಪಯೋಗ ಪಾಠ. ಪುಸ್ತಕದಲ್ಲಿ ‘ರೂಪಪರಿವರ್ತನೆ’ ಅಂತ ಬಾಯಿಪಾಠ ಮಾಡುವ ಬದಲು ಎಕ್ಕದ ಎಲೆ ತಿರುಗಿಸಿ ನೋಡಿದರೆ ಸಾಕು.

ಕೊನೆಯದಾಗಿ ನನ್ನ ಸಲಹೆಗಳು:

1. ಹಿಂದಿನ ಬೇಲಿಗೆ ಕಳೆನಾಶಕ ಬೇಡ. ಸವರುವುದಿದ್ದರೆ ಕೈಯಲ್ಲಿ ಸವರಲಿ, ಆ ಕೆಲಸಕ್ಕೆ ನಾವೂ ಬರುತ್ತೇವೆ.

2. ಬಲೆ ಕಟ್ಟುವುದು ಬೇಡ, ಎಲ್ಲಿಂದಲೋ ಚಿಟ್ಟೆ ಹಿಡಿದು ತರುವುದೂ ಬೇಡ. ಆ ದುಡ್ಡಿನಲ್ಲಿ ವಾಲಿಬಾಲೇ ತರಿಸಲಿ, ನನ್ನ ತಕರಾರಿಲ್ಲ.

3. ಕರಿಬೇವು, ನಿಂಬೆ, ಬಿಲ್ಪತ್ರೆ, ಕಕ್ಕೆ ಸಸಿಗಳನ್ನು ಮನೆಯಿಂದ ತಂದು ನೆಡೋಣ. ಹೂವಿಗೆ ತುಂಬೆ, ಚೆಂಡು ಹೂ, ದಾಸವಾಳ ಇರಲಿ. ಬೋರ್‌ವೆಲ್ ಪಕ್ಕ ಒಂದಿಷ್ಟು ಜಾಗ ಒದ್ದೆಯಾಗಿರಲಿ. ಮುತ್ತತ್ತಿಯ ಹೊಳೆ ದಂಡೆಯಲ್ಲಿ ಚಿಟ್ಟೆಗಳು ಒದ್ದೆ ಮರಳ ಮೇಲೆ ಗುಂಪು ಕೂರುವುದನ್ನು ನೋಡಿದ್ದೀರಲ್ಲ, ಅವು ಉಪ್ಪಿನಂಶ ಹೀರಲು ಬರುತ್ತವೆ.

4. ಪ್ರತಿ ಶನಿವಾರ ಅರ್ಧ ಗಂಟೆ ಒಂದೊಂದು ತರಗತಿಯವರು ಬೇಲಿ ಬಳಿ ನಿಂತು ಕಂಡ ಚಿಟ್ಟೆ, ಹುಳ ಲೆಕ್ಕ ಬರೆದು ಈ ಗೋಡೆಪತ್ರಿಕೆಗೆ ಕೊಡಲಿ. ವರ್ಷ ತುಂಬುವ ಹೊತ್ತಿಗೆ ಯಾವ ತಿಂಗಳು ಯಾವ ಚಿಟ್ಟೆ ಅಂತ ನಮ್ಮದೇ ಪಂಚಾಂಗ ಆಗುತ್ತದೆ.

ಹಿರಿಯರು ತಪ್ಪು ತಿಳಿಯಬಾರದು. ಶಾಲೆ ಚೊಕ್ಕಟವಾಗಿರಬೇಕು ಎಂಬ ಅವರ ಆಸೆ ಒಳ್ಳೆಯದೇ. ಆದರೆ ಬೋಳು ನೆಲವೇ ಚೊಕ್ಕಟ ಅಂತ ಆಗಬಾರದು. ಹುಳ ಸಾಕಿ ಮಕ್ಕಳನ್ನು ಓದಿಸುತ್ತಿರುವ ಊರು ನಮ್ಮದು, ಹುಳ ಕಂಡರೆ ಅಸಹ್ಯಪಡುವುದು ನಮಗೆ ಶೋಭಿಸುವುದಿಲ್ಲ.

ಸಭೆಗೆ ಮುಂಚೆ ನಿಮ್ಮ ಅಭಿಪ್ರಾಯವನ್ನೂ ಬರೆದು ಮೇಷ್ಟ್ರ ಕೊಠಡಿಯ ಡಬ್ಬಕ್ಕೆ ಹಾಕಿ. ನನ್ನ ಮಾತನ್ನು ಒಪ್ಪದವರು ಖಂಡಿತಾ ಬರೆಯಿರಿ. ಅದಕ್ಕೂ ಮೊದಲು ಒಂದು ಸಲ ಬೇಲಿ ಹತ್ತಿರ ಹೋಗಿ, ಎಕ್ಕದ ಎಲೆಯ ಅಡಿ ನೋಡಿಕೊಂಡು ಬಂದು ಬರೆಯಿರಿ.