ಫಲಕ ಉಳಿದಿದೆ, ನೀರು ನಿಂತಿದೆ

ಸರ್ಕಾರಿ ಪ್ರೌಢಶಾಲೆಯ ನೀರಿನ ತೊಟ್ಟಿಯ ಪಕ್ಕದ ಗೋಡೆಯಲ್ಲಿ ಕರಿ ಗ್ರಾನೈಟಿನ ಫಲಕ. ಅದರಲ್ಲಿ ಸೇವಾ ಕ್ಲಬ್ಬಿನ ಲಾಂಛನ, ಅಧ್ಯಕ್ಷರ ಹೆಸರು, ಕಾರ್ಯದರ್ಶಿ ಮತ್ತು ಖಜಾಂಚಿಯ ಹೆಸರು, ಉದ್ಘಾಟನೆಗೆ ಬಂದಿದ್ದ ಜಿಲ್ಲಾ ಗವರ್ನರ್ ಹೆಸರು, ಇಸವಿ. ಕೆಳಗೆ ನೀರು ಶುದ್ಧೀಕರಿಸುವ ಯಂತ್ರ. ಅದರ ಫಿಲ್ಟರ್ ಕಂದು ಬಣ್ಣಕ್ಕೆ ತಿರುಗಿ ಎಷ್ಟೋ ಕಾಲವಾಗಿದೆ. ನಲ್ಲಿಯ ಬಾಯಿಗೆ ಹಳೇ ಬಟ್ಟೆ ಬಿಗಿದಿದ್ದಾರೆ. ವೈರನ್ನು ಪ್ಲಗ್ಗಿನಿಂದ ಕಿತ್ತು ಯಂತ್ರದ ಮೇಲೆಯೇ ಸುತ್ತಿಟ್ಟಿದ್ದಾರೆ. ಬಿಸಿಯೂಟ ಮುಗಿಸಿದ ಮಕ್ಕಳು ತಟ್ಟೆ ತೊಳೆಯುವ ಬೋರ್‌ವೆಲ್ ನಲ್ಲಿಗೇ ಬೊಗಸೆಯೊಡ್ಡಿ ನೀರು ಕುಡಿಯುತ್ತಾರೆ. ಇಂಥ ಶಾಲೆಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಮ್ಮ ನಮ್ಮ ತಾಲ್ಲೂಕುಗಳಲ್ಲೇ ಇವೆ, ಆ ಫಲಕಗಳ ಮೇಲಿರುವುದು ನಮ್ಮ ಹೆಸರುಗಳೇ.

ಸೇವಾ ಕ್ಲಬ್ಬುಗಳ ಸದಸ್ಯರಾದ ನಾವು ಅರಿಯದವರಲ್ಲ. ನಮ್ಮಲ್ಲಿ ವೈದ್ಯರಿದ್ದಾರೆ, ಎಂಜಿನಿಯರುಗಳಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಅಂಗಡಿ ನಡೆಸಿ ಬದುಕು ಕಟ್ಟಿಕೊಂಡವರಿದ್ದಾರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಾಗುತ್ತದೆ ಎಂಬುದು ನಮಗೆ ಗೊತ್ತು. ಪಾವಗಡದಿಂದ ಮುಂಡರಗಿಯವರೆಗೆ ಬಯಲುಸೀಮೆಯ ಊರುಗಳಲ್ಲಿ ಅಂಥವರನ್ನು ಕಣ್ಣಾರೆ ಕಂಡವರೂ ನಮ್ಮಲ್ಲಿದ್ದಾರೆ. ಆರ್‌ಒ ಯಂತ್ರದ ಒಳಗಿನ ಪೊರೆಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು, ಅದಕ್ಕೂ ಮುಂಚಿನ ಫಿಲ್ಟರುಗಳನ್ನು ಇನ್ನೂ ಬೇಗ ಬದಲಿಸಬೇಕು ಎಂಬುದೂ ಗೊತ್ತು, ಏಕೆಂದರೆ ನಮ್ಮ ಅಡುಗೆಮನೆಯ ಯಂತ್ರಕ್ಕೆ ವಾರ್ಷಿಕ ನಿರ್ವಹಣೆಯ ಒಪ್ಪಂದ ಮಾಡಿಸಿದ್ದೇವೆ. ಸರ್ವಿಸ್ ಹುಡುಗ ಒಂದು ವಾರ ತಡಮಾಡಿದರೆ ಕಂಪನಿಗೆ ಫೋನು ಮಾಡಿ ಜಬರಿಸುತ್ತೇವೆ. ಮುನ್ನೂರು ಮಕ್ಕಳ ಯಂತ್ರಕ್ಕೆ ಮಾತ್ರ ಅಂಥ ಒಪ್ಪಂದ ಬೇಕೆಂದು ನಮಗೆ ತೋಚುವುದಿಲ್ಲ. ನಮ್ಮ ಮಕ್ಕಳ ನೀರಿಗೆ ಒಂದು ಎಚ್ಚರ, ಊರ ಮಕ್ಕಳ ನೀರಿಗೆ ಇನ್ನೊಂದು. ಈ ಭೇದವನ್ನು ಸೇವೆಯೆಂದು ಕರೆಯುವ ಹಕ್ಕು ನಮಗೆ ಎಲ್ಲಿಂದ ಬಂತು?

ಇದರ ಬೇರು ನಮ್ಮ ಪಂಚಾಂಗದಲ್ಲಿದೆ. ರೋಟರಿಯಿರಲಿ, ಲಯನ್ಸ್ ಇರಲಿ, ವರ್ಷ ಶುರುವಾಗುವುದು ಜುಲೈ 1ಕ್ಕೆ, ಮುಗಿಯುವುದು ಜೂನ್ 30ಕ್ಕೆ. ಅಧ್ಯಕ್ಷಗಿರಿ ಒಂದೇ ವರ್ಷದ್ದು. ಅಧಿಕಾರ ಯಾರ ಕೈಯಲ್ಲೂ ಬೇರೂರದಿರಲಿ, ಹೊಣೆ ಎಲ್ಲರಿಗೂ ಸರದಿಯಂತೆ ಬರಲಿ ಎಂಬ ಒಳ್ಳೆಯ ಉದ್ದೇಶದ ವ್ಯವಸ್ಥೆ ಅದು. ಅದನ್ನು ನಾವು ಹನ್ನೆರಡು ತಿಂಗಳ ಕೀರ್ತಿಯ ಗುತ್ತಿಗೆಯಾಗಿ ಮಾಡಿಕೊಂಡಿದ್ದೇವೆ. ಪದಗ್ರಹಣದ ದಿನ ಹೊಸ ಅಧ್ಯಕ್ಷರು ಹೊಸ ಯೋಜನೆಗಳ ಪಟ್ಟಿ ಓದುತ್ತಾರೆ. ಹಿಂದಿನವರು ಕಟ್ಟಿಸಿದ್ದನ್ನು ದುರಸ್ತಿ ಮಾಡಿಸುತ್ತೇನೆ ಎಂದು ವೇದಿಕೆಯ ಮೇಲೆ ನಿಂತು ಹೇಳಿದವರನ್ನು ನಾನು ಕಂಡಿಲ್ಲ. ದುರಸ್ತಿಗೆ ಉದ್ಘಾಟನೆಯಿಲ್ಲ, ಫಲಕವಿಲ್ಲ, ವರ್ಷಾಂತ್ಯದ ಪ್ರಶಸ್ತಿಗೆ ಅಂಕವೂ ಇಲ್ಲ. ಹೀಗಾಗಿ ಒಬ್ಬರು ಕಟ್ಟಿದ ಶೌಚಾಲಯ ಕುಸಿಯುತ್ತಿರುವಾಗ ಅದೇ ಊರಿನ ಬಸ್ ನಿಲ್ದಾಣದಲ್ಲಿ ಇನ್ನೊಬ್ಬರ ಹೆಸರಿನ ತಂಗುದಾಣ ಏಳುತ್ತದೆ.

ಶೌಚಾಲಯದ ಮಾತು ಬಂದದ್ದರಿಂದ ಇದನ್ನು ನೆನಪಿಸಬೇಕು. 1905ರಲ್ಲಿ ಶಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಸ್ನೇಹಿತರೊಂದಿಗೆ ಹುಟ್ಟುಹಾಕಿದ ರೋಟರಿ, ಊರಿಗಾಗಿ ಕೈಗೆತ್ತಿಕೊಂಡ ಮೊದಲ ಕೆಲಸವೇ ಸಾರ್ವಜನಿಕ ಶೌಚಾಲಯ. ವರ್ಷ 1907. ವ್ಯಾಪಾರಿ ವಲಯದಿಂದ ವಿರೋಧ ಬಂತು. ಆದರೂ ನಗರಾಡಳಿತದ ಬೆನ್ನು ಬಿಡದೆ ಆ ಜನ ಅದನ್ನು ಮಾಡಿಸಿದರು. ವರ್ತಕರು, ವಕೀಲರು ಲಜ್ಜೆಪಡದೆ ಕಕ್ಕಸಿನ ಮಾತೆತ್ತಿದರು, ಏಕೆಂದರೆ ಊರಿಗೆ ಬೇಕಾಗಿದ್ದದ್ದು ಅದು. ಇಂದು ನಾವು ಹೆಣ್ಣುಮಕ್ಕಳ ಶಾಲೆಗೆ ಟೈಲ್ಸ್ ಹಾಕಿದ ಶೌಚಾಲಯ ಕಟ್ಟಿಕೊಡುತ್ತೇವೆ, ಮೇಲಿನ ಸಿಂಟೆಕ್ಸ್ ಟ್ಯಾಂಕಿಗೆ ನೀರು ಏರುವ ಪೈಪು ಜೋಡಿಸಿದ್ದಾರೋ ಇಲ್ಲವೋ ನೋಡುವುದಿಲ್ಲ. ತೊಳೆಯುವವರು ಯಾರು, ಅವರಿಗೆ ತಿಂಗಳ ಸಂಬಳ ಯಾರು ಕೊಡುತ್ತಾರೆ ಎಂದು ಕೇಳುವುದಿಲ್ಲ. ಮೂರು ತಿಂಗಳಲ್ಲಿ ಬಾಗಿಲಿಗೆ ಬೀಗ, ಬೀಗದ ಕೈ ಮುಖ್ಯ ಶಿಕ್ಷಕಿಯ ಮೇಜಿನ ಡ್ರಾಯರಿನಲ್ಲಿ. ಒಂಬತ್ತನೆಯ ತರಗತಿಯ ಹುಡುಗಿ ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಾಳೆ. ತಿಂಗಳ ಆ ನಾಲ್ಕು ದಿನ ಶಾಲೆಗೇ ಬರುವುದಿಲ್ಲ. ಅವಳು ಓದು ಬಿಟ್ಟರೆ ಮನೆಯವರನ್ನು ದೂರುತ್ತೇವೆ, ಬಾಲ್ಯವಿವಾಹದ ವಿರುದ್ಧ ಜಾಥಾ ಮಾಡುತ್ತೇವೆ.

ಇದಕ್ಕಿಂತ ಕೆಟ್ಟದ್ದೊಂದಿದೆ. ಶಾಲೆಯ ದಾಖಲೆಯಲ್ಲಿ ‘ದಾನಿಗಳಿಂದ ಒದಗಿಸಲಾಗಿದೆ’ ಎಂಬ ಸಾಲು ಒಮ್ಮೆ ಬಿದ್ದರೆ, ಆ ಶಾಲೆ ಸೌಲಭ್ಯ ಇಲ್ಲದವರ ಪಟ್ಟಿಯಿಂದ ಇರುವವರ ಪಟ್ಟಿಗೆ ಸರಿಯುತ್ತದೆ. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಇಲಾಖೆಗೆ ಮನವಿ ಕೊಟ್ಟರೆ, ನಿಮಗೆ ಆಗಲೇ ಕೊಟ್ಟಾಗಿದೆಯಲ್ಲ ಎಂಬ ಉತ್ತರ ಕಾದಿರುತ್ತದೆ. ಕೆಟ್ಟು ನಿಂತ ನಮ್ಮ ಕೊಡುಗೆ ಹೀಗೆ ಮಕ್ಕಳಿಗೆ ನ್ಯಾಯವಾಗಿ ಬರಬೇಕಾದದ್ದನ್ನೂ ತಡೆದು ನಿಲ್ಲಿಸುತ್ತದೆ. ಏನೂ ಕೊಡದೆ ಸುಮ್ಮನಿದ್ದವರು ಇಷ್ಟು ಅನ್ಯಾಯ ಮಾಡಿರುವುದಿಲ್ಲ.

ಕಣ್ಣಿನ ಶಿಬಿರಗಳನ್ನು ನೋಡಿ. 1925ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ನಡೆದ ಲಯನ್ಸ್ ಸಮಾವೇಶದಲ್ಲಿ ಹೆಲೆನ್ ಕೆಲರ್ ಅಂಧರ ಪರವಾಗಿ ನಿಲ್ಲಿರೆಂದು ಬೇಡಿಕೊಂಡಳು. ಅಂದಿನಿಂದ ಕಣ್ಣಿನ ಕೆಲಸ ಆ ಸಂಸ್ಥೆಯ ವ್ರತವಾಯಿತು. ನಮ್ಮ ನಾಡಿನಲ್ಲಿ ಬೀಳಗಿಯ ಡಾ. ಎಂ.ಸಿ. ಮೋದಿ ದಶಕಗಳ ಕಾಲ ಊರೂರು ಸುತ್ತಿ ಲಕ್ಷಗಟ್ಟಲೆ ಜನರ ಕಣ್ಣಿನ ಪೊರೆ ತೆಗೆದರು. ಆ ಕಾಲದ ಶಸ್ತ್ರಚಿಕಿತ್ಸೆಯ ನಂತರ ರೋಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿನಗಟ್ಟಲೆ ಅಲುಗಾಡದೆ ಮಲಗಿರಬೇಕಿತ್ತು. ಶಾಲೆಯ ಕೊಠಡಿಯಲ್ಲೋ ಛತ್ರದಲ್ಲೋ ಸಾಲಾಗಿ ಮಲಗಿದ ಮುದುಕ ಮುದುಕಿಯರಿಗೆ ಗಂಜಿ ಕುಡಿಸಿದವರು, ಕೈಹಿಡಿದು ಬಯಲಿಗೆ ಕರೆದೊಯ್ದವರು, ರಾತ್ರಿ ಪಕ್ಕದಲ್ಲಿ ಕೂತು ಕಾದವರು ಆ ಊರಿನ ಸ್ವಯಂಸೇವಕರು. ಈಗ ವೈದ್ಯವಿಜ್ಞಾನ ನಮ್ಮ ಹೊರೆಯನ್ನು ಎಷ್ಟೋ ಇಳಿಸಿದೆ. ಬಸ್ಸಿನಲ್ಲಿ ಕರೆದೊಯ್ದರೆ ಆಸ್ಪತ್ರೆಯವರು ಲೆನ್ಸ್ ಹಾಕಿ ಮರುದಿನ ಕಳಿಸುತ್ತಾರೆ. ಉಳಿಯುವುದು ಮುಂದಿನ ನಾಲ್ಕಾರು ವಾರ ಹೊತ್ತುಹೊತ್ತಿಗೆ ಹಾಕಬೇಕಾದ ಹನಿ, ಒಂದೆರಡು ಸಲದ ಮರುತಪಾಸಣೆ. ಅಷ್ಟನ್ನೂ ನಾವು ಮಾಡುತ್ತಿಲ್ಲ. ಒಂಟಿಯಾಗಿರುವ ಅಜ್ಜಿಗೆ ಕಣ್ಣಿಗೆ ಹನಿ ಹಾಕುವವರು ಯಾರು? ಕಣ್ಣು ಕೆಂಪಾಗಿ ಕೀವು ಕಟ್ಟಿದರೆ ಯಾವ ನಂಬರಿಗೆ ಫೋನು ಮಾಡಬೇಕು? ಅವಳ ಕೈಯಲ್ಲಿ ಹಣ್ಣಿನ ಚೀಲ ಇಟ್ಟು ತೆಗೆದ ಫೋಟೊ ನಮ್ಮ ಬುಲೆಟಿನ್‌ನಲ್ಲಿದೆ, ಅವಳ ಮನೆಯ ದಾರಿ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಗಿಡಗಳ ಕಥೆಯನ್ನು ಹೆಚ್ಚು ಹೇಳಬೇಕಾಗಿಲ್ಲ. ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ನೆಟ್ಟದ್ದು ಮಾರ್ಚ್ ಹೊತ್ತಿಗೆ ಒಣಗಿರುತ್ತದೆ, ಅದೇ ಗುಂಡಿಗೆ ಮುಂದಿನ ಅಧ್ಯಕ್ಷರು ಮತ್ತೊಂದು ಸಸಿ ಇಳಿಸುತ್ತಾರೆ. ಹುಲಿಕಲ್–ಕುದೂರು ದಾರಿಯ ಆಲದ ಸಾಲು ಮರವಾದದ್ದು ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದರಿಂದ.

ರಕ್ತದ ವಿಷಯದಲ್ಲಿ ನಮ್ಮ ಅಲಕ್ಷ್ಯ ಇನ್ನೂ ಘೋರ. ದಾನಿಯಿಂದ ತೆಗೆದ ಕೆಂಪುರಕ್ತಕಣಗಳು ತಂಪಿನಲ್ಲಿಟ್ಟರೂ 35ರಿಂದ 42 ದಿನ ಮಾತ್ರ ಬಾಳುತ್ತವೆ, ಪ್ಲೇಟ್‌ಲೆಟ್‌ಗಳು ಕೇವಲ 5 ದಿನ. ಒಮ್ಮೆ ಕೊಟ್ಟ ಗಂಡಸು ಮತ್ತೆ ಕೊಡಲು ಮೂರು ತಿಂಗಳು, ಹೆಂಗಸು ನಾಲ್ಕು ತಿಂಗಳು ಕಾಯಬೇಕು. ಇದನ್ನು ಬಲ್ಲ ಯಾರಾದರೂ ಶಿಬಿರಗಳನ್ನು ವರ್ಷದುದ್ದಕ್ಕೂ ಹರಡುತ್ತಾರೆ. ನಾವು ಮಾಡುವುದೇನು? ಆಗಸ್ಟ್ 15, ಅಕ್ಟೋಬರ್ 2, ನಾಯಕರ ಹುಟ್ಟುಹಬ್ಬ, ಹೀಗೆ ಎಲ್ಲರೂ ಒಂದೇ ದಿನ ಮುಗಿಬಿದ್ದು ಶಿಬಿರ ನಡೆಸುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ನಮಗೂ ಮದುವೆಮನೆಗಳ ಓಡಾಟ. ಆಗ ರಕ್ತನಿಧಿಯ ಕಪಾಟು ಬರಿದಾಗಿರುತ್ತದೆ. ಥಲಸ್ಸೀಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಲೇಬೇಕು. ಅದರ ದೇಹಕ್ಕೆ ಬೇಸಿಗೆ ರಜೆಯಿಲ್ಲ. ಆ ಮಗುವಿನ ತಂದೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಸಿಕ್ಕಸಿಕ್ಕವರಿಗೆ ಫೋನು ಮಾಡುವಾಗ, ನೂರು ಯೂನಿಟ್ ಸಂಗ್ರಹಿಸಿದ್ದಕ್ಕೆ ಪಡೆದ ಸ್ಮರಣಿಕೆಗಳು ನಮ್ಮ ಷೋಕೇಸಿನಲ್ಲಿ ಸಾಲಾಗಿ ನಿಂತಿರುತ್ತವೆ.

ಇದು ಶಕ್ತಿಯ ಕೊರತೆಯಲ್ಲ. ಇವೇ ಕ್ಲಬ್ಬುಗಳು ಏನು ಮಾಡಬಲ್ಲವು ಎಂಬುದಕ್ಕೆ ಪೋಲಿಯೊ ಸಾಕ್ಷಿ. 1985ರಲ್ಲಿ ರೋಟರಿ ಅದನ್ನು ಜಾಗತಿಕ ಹೊಣೆಯಾಗಿ ಹೊತ್ತುಕೊಂಡಿತು. ಭಾರತದಲ್ಲಿ 1995ರಿಂದ ಪಲ್ಸ್ ಪೋಲಿಯೊ ಭಾನುವಾರಗಳು ಬಂದವು. ಅಂಗನವಾಡಿ ಕಾರ್ಯಕರ್ತೆಯರು, ಆರೋಗ್ಯ ಸಹಾಯಕಿಯರು, ಮುಂದೆ ಆಶಾ ಕಾರ್ಯಕರ್ತೆಯರು ಲಸಿಕೆಯ ಡಬ್ಬಿ ಹೆಗಲಿಗೇರಿಸಿ ನಡೆದರು, ಕ್ಲಬ್ಬಿನವರು ಬೂತುಗಳಲ್ಲಿ ಅವರ ಜೊತೆ ನಿಂತರು. ಭಾನುವಾರ ಮುಗಿದರೂ ಕೆಲಸ ಮುಗಿಯುತ್ತಿರಲಿಲ್ಲ. ಮನೆಮನೆಗೆ ಹೋಗಿ ಮಕ್ಕಳ ಎಡಗೈ ಕಿರುಬೆರಳಿನ ಶಾಯಿ ಗುರುತನ್ನು ನೋಡುತ್ತಿದ್ದರು. ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಪಿ’ ಎಂದು ಬರೆಯುತ್ತಿದ್ದರು. ಒಂದು ಮಗು ತಪ್ಪಿದ್ದರೂ ‘ಎಕ್ಸ್’. ಅಂದರೆ ಈ ಮನೆಗೆ ಮತ್ತೆ ಬರಬೇಕು. ಮತ್ತೆ ಬಂದರು, ಬಾಗಿಲು ಹಾಕಿಕೊಂಡವರ ಮನೆಗೆ ಮಗದೊಮ್ಮೆ ಬಂದರು. 2009ರಲ್ಲಿ ಇನ್ನೂ 741 ಪ್ರಕರಣಗಳಿದ್ದ ದೇಶದಲ್ಲಿ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿ 13ರಂದು, ಹೌರಾದ ಒಂದು ಹೆಣ್ಣುಮಗುವಿನಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಪಲ್ಸ್ ಪೋಲಿಯೊ ಶುರುವಾದಂದಿನಿಂದ ಕೊನೆಯ ಪ್ರಕರಣದವರೆಗೆ, ಹದಿನಾರು ಹದಿನೇಳು ಅಧ್ಯಕ್ಷರು ಬದಲಾದ ಆ ಅವಧಿಯಲ್ಲಿ ಯಾವ ಕ್ಲಬ್ಬಾದರೂ ಇದು ಹಿಂದಿನವರ ಯೋಜನೆ, ನನ್ನ ವರ್ಷಕ್ಕೆ ಬೇರೆ ಬೇಕು ಎಂದು ಕೈಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಆ ವಿಜಯದ ಹೆಸರು ಹೇಳಿಕೊಂಡು ನಾವು ಇಂದಿಗೂ ಎದೆಯುಬ್ಬಿಸುತ್ತೇವೆ. ಅದನ್ನು ತಂದುಕೊಟ್ಟ ಅಭ್ಯಾಸವನ್ನು ಮಾತ್ರ ಬಿಟ್ಟುಕೊಟ್ಟಿದ್ದೇವೆ.

ಅದರ ಬದಲು ರೂಢಿಸಿಕೊಂಡದ್ದು ಯಾವುದು? ಒಂದು ನೋಟ್‌ಬುಕ್ಕನ್ನು ಎಂಟು ಮಂದಿ ದೊಡ್ಡವರು ಹಿಡಿದುಕೊಂಡು, ನಡುವೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಮಗುವಿನ ಕೈಗೆ ಅದರ ಒಂದು ಮೂಲೆಯನ್ನಷ್ಟೇ ಬಿಟ್ಟು, ಕ್ಯಾಮೆರಾ ನೋಡುವುದು. ನಮ್ಮ ಮಗನಿಗೆ ಪುಸ್ತಕ ಕೊಡಿಸುವಾಗ ಹೀಗೆ ನಿಲ್ಲಿಸುತ್ತೇವೆಯೇ? ಬಡತನವನ್ನು ಊರೆದುರು ನಿಲ್ಲಿಸಿ ತೋರಿಸಿದ ನೋವು ಆ ಮಗುವಿಗೆ ನೋಟ್‌ಬುಕ್ಕಿನ ಹಾಳೆಗಳು ಮುಗಿದ ಮೇಲೂ ಉಳಿಯುತ್ತದೆ.

ನಮಗೆ ಸಂಸಾರವಿದೆ, ವ್ಯಾಪಾರವಿದೆ, ಬಿಡುವಿನಲ್ಲಿ ಇಷ್ಟಾದರೂ ಮಾಡುತ್ತೇವಲ್ಲ ಎಂಬ ಮಾತು ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಒಪ್ಪತಕ್ಕ ಮಾತಲ್ಲ. ಪದಗ್ರಹಣದ ಭೋಜನಕ್ಕೆ, ಶಾಲು, ಹಾರ, ಪೇಟಗಳಿಗೆ, ವೇದಿಕೆಯ ಹಿಂದಿನ ಫ್ಲೆಕ್ಸಿಗೆ ಬಿಡುವೂ ಸಿಕ್ಕಿದೆ, ಹಣವೂ ಸಿಕ್ಕಿದೆ. ಅದೇ ಲೆಕ್ಕದಿಂದ ಶಾಲೆಯ ಯಂತ್ರದ ಫಿಲ್ಟರುಗಳನ್ನು ಬದಲಿಸಬಹುದು, ಶೌಚಾಲಯ ತೊಳೆಯುವ ಹೆಂಗಸಿಗೆ ಸಂಬಳ ಕೊಡಬಹುದು. ಈ ವರ್ಷ ಜೂನ್ ಮುಗಿಯುವುದರೊಳಗೆ ಪ್ರತಿ ಕ್ಲಬ್ಬೂ ತನ್ನ ಫಲಕಗಳಿರುವ ಜಾಗಗಳ ಪಟ್ಟಿ ಮಾಡಲಿ. ಫಲಕದ ಮೇಲೆ ಹೆಸರಿರುವ ಮಾಜಿ ಅಧ್ಯಕ್ಷರೇ ಹೋಗಿ ನಲ್ಲಿ ತಿರುಗಿಸಿ, ಬಾಗಿಲು ತೆಗೆದು ನೋಡಿ, ಕಂಡದ್ದನ್ನು ಲಿಖಿತವಾಗಿ ಸಭೆಯ ಮುಂದಿಡಲಿ. ಕೆಟ್ಟದ್ದು ರಿಪೇರಿಯಾಗುವವರೆಗೆ ಹೊಸ ಕಲ್ಲಿಗೆ ಅಕ್ಷರ ಕೆತ್ತಿಸುವುದು ಬೇಡ. ರಿಪೇರಿ ಮಾಡಿಸುವ ಮನಸ್ಸಿಲ್ಲದ ಕ್ಲಬ್ಬು ತನ್ನ ಫಲಕವನ್ನು ಗೋಡೆಯಿಂದ ಕೀಳಿಸಿ, ಯಂತ್ರ ಕೆಟ್ಟಿದೆ, ನಮ್ಮಿಂದ ಸಾಧ್ಯವಿಲ್ಲ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗೆ ಪತ್ರ ಬರೆದುಕೊಡಲಿ. ಆ ಶಾಲೆಯವರು ಇಲಾಖೆಯನ್ನು ಕೇಳಲು ಅದರಿಂದ ದಾರಿಯಾದರೂ ತೆರೆದೀತು.