ಕ್ಯೋಟೋ ನಗರದ ಆಟಗಳು: ಒಂದು ತಾರತಮ್ಯ ವಿಚಾರ



ವಿಡಿಯೋ ಆಟಗಳ ವಿಷಯದಲ್ಲಿ ಗೃಹಸ್ಥರಾದ ನಾವು ಎರಡು ಪಕ್ಷಗಳಾಗಿ ನಿಂತಿದ್ದೇವೆ. ಅವೆಲ್ಲವೂ ಮನೆಹಾಳು ವಸ್ತುಗಳು, ಹೊಸ್ತಿಲು ದಾಟಿ ಒಳಗೆ ಬರಕೂಡದು ಎಂಬುದು ಒಂದು ಪಕ್ಷ. ಕಾಲಧರ್ಮವೇ ಹೀಗಿರುವಾಗ ತಡೆದು ಫಲವೇನು, ಹುಡುಗರು ಏನನ್ನಾದರೂ ಆಡಿಕೊಳ್ಳಲಿ ಎಂಬುದು ಇನ್ನೊಂದು. ಮೇಲುನೋಟಕ್ಕೆ ಪರಸ್ಪರ ವಿರುದ್ಧವಾದ ಈ ಪಕ್ಷಗಳು ಒಂದಂಶದಲ್ಲಿ ಏಕಮತವುಳ್ಳವಾಗಿವೆ. ಆಟಕ್ಕೂ ಆಟಕ್ಕೂ ತಾರತಮ್ಯವುಂಟೆಂಬುದನ್ನು ಎರಡೂ ವಿಚಾರಿಸುವುದಿಲ್ಲ. ಪುಸ್ತಕಗಳ ವಿಷಯದಲ್ಲಿ ನಾವು ಹೀಗೆ ನಡೆದುಕೊಳ್ಳುತ್ತೇವೆಯೇ? ಕೆಟ್ಟ ಕಾದಂಬರಿಗಳುಂಟೆಂಬ ಕಾರಣದಿಂದ ರಾಮಾಯಣವನ್ನು ಹೊರಗಿಡುವವರಿಲ್ಲ. ಅಚ್ಚಾದುದೆಲ್ಲವೂ ಸಮವೆಂದು ಸಿಕ್ಕಿದ್ದನ್ನು ಮಗುವಿನ ಕೈಗೆ ಕೊಡುವವರೂ ಇಲ್ಲ.

ಆದುದರಿಂದ ಈ ತಿಂಗಳು ನಮ್ಮ ಪುಟದಲ್ಲಿ ಆ ತಾರತಮ್ಯ ವಿಚಾರವನ್ನೇ ಕೈಗೊಂಡಿದ್ದೇನೆ. ಲೋಕದ ಆಟಗಳನ್ನೆಲ್ಲ ಅಳೆದು ತೂಗುವುದು ನಿವೃತ್ತನಾದ ಒಬ್ಬ ಉಪಾಧ್ಯಾಯನಿಗೆ ಸಾಧ್ಯವಾದ ಕೆಲಸವಲ್ಲ. ಒಂದೇ ಮನೆತನದ ಸರಕನ್ನು ತೆಗೆದುಕೊಂಡರೆ ಸಾಕು. ಜಪಾನ್ ದೇಶದ ಕ್ಯೋಟೋ ನಗರದಲ್ಲಿರುವ ನಿಂಟೆಂಡೊ ಸಂಸ್ಥೆಯು ಈ ಉದ್ಯಮದಲ್ಲಿ ಬಹಳ ಹಳೆಯದು. ಒಳ್ಳೆಯ ಆಟಗಳೂ ಆಕ್ಷೇಪಾರ್ಹವಾದ ಆಟಗಳೂ ಅದರ ಹೆಸರಿನಲ್ಲಿಯೇ ಹೊರಬಂದಿವೆ.

ಸಂಸ್ಥೆಯ ಚರಿತ್ರೆಯು ಸ್ವಾರಸ್ಯವಾದುದು. 1889ರಲ್ಲಿ ಫುಸಾಜಿರೋ ಯಾಮಾಉಚಿ ಎಂಬಾತನು ಹನಾಫುಡಾ ಎಂಬ ಎಲೆಗಳನ್ನು ತಯಾರಿಸಿ ಮಾರುವ ಅಂಗಡಿಯನ್ನು ತೆರೆದನು. ಹನಾಫುಡಾ ಎಂದರೆ ಹೂವಿನ ಚಿತ್ರಗಳುಳ್ಳ ಇಸ್ಪೀಟು. ಹನ್ನೆರಡು ಮಾಸಗಳಿಗೆ ಹನ್ನೆರಡು ಗಿಡಗಳು, ಒಂದೊಂದಕ್ಕೆ ನಾಲ್ಕರಂತೆ ಒಟ್ಟು 48 ಎಲೆಗಳು. ಮೈಸೂರಿನ ಗಂಜೀಫಾ ಎಲೆಗಳನ್ನು ಕಂಡವರು ಇವುಗಳ ಚೆಲುವನ್ನು ಊಹಿಸಿಕೊಳ್ಳಬಹುದು. ಚೆಲುವೇನೋ ಸರಿಯೇ, ಆದರೆ ಇವು ಜೂಜುಕಟ್ಟೆಗಳಲ್ಲಿ ಬಹಳವಾಗಿ ನಡೆಯುತ್ತಿದ್ದ ಎಲೆಗಳು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು, ಮುಂದೆ ಬೇಕಾಗುವುದು. 1949ರಲ್ಲಿ ಆತನ ಮರಿಮಗ ಹಿರೋಷಿ ಯಾಮಾಉಚಿಯು ಅಧಿಕಾರವನ್ನು ವಹಿಸಿಕೊಂಡು 2002ರ ವರೆಗೆ ನಡೆಸಿದನು. ಇವನ ಕಾಲದಲ್ಲಿ ಸಂಸ್ಥೆಯು ಎಲೆಗಳಿಂದ ಆಟಿಕೆಗಳಿಗೂ ಆಟಿಕೆಗಳಿಂದ ವಿದ್ಯುನ್ಮಾನ ಯಂತ್ರಗಳಿಗೂ ಸಾಗಿತು. 1977ರಲ್ಲಿ ಶಿಗೆರು ಮಿಯಾಮೊಟೊ ಎಂಬ ತರುಣನು ಸೇರಿದನು. ಅಮೆರಿಕೆಯಲ್ಲಿ ಮಾರಾಟವಾಗದೆ ಉಳಿದಿದ್ದ ಯಂತ್ರಗಳಿಗೆ ಹೊಸ ಜೀವ ಕೊಡುವ ಕೆಲಸ ಅವನ ಪಾಲಿಗೆ ಬಂದು, 1981ರಲ್ಲಿ ಡಾಂಕಿ ಕಾಂಗ್ ಎಂಬ ಆಟವು ಹುಟ್ಟಿತು. ಅದರಲ್ಲಿ ಹಾರುತ್ತಿದ್ದ ಬಡಗಿಯೇ ಮುಂದೆ ಮಾರಿಯೋ ಎಂಬ ಹೆಸರಿನಿಂದ ಲೋಕವಿಖ್ಯಾತನಾದನು. 1983ರಲ್ಲಿ ಟೆಲಿವಿಷನ್ನಿಗೆ ಜೋಡಿಸುವ ಫ್ಯಾಮಿಕಾಮ್ ಯಂತ್ರವು ಬಂದ ಮೇಲೆ ಆಟವು ಅಂಗಡಿಬೀದಿಯಿಂದ ಜಪಾನಿನ ಮನೆಗಳ ನಡುಮನೆಗೆ ಬಂದಿತು.

ಇನ್ನು ಅಳತೆಗೋಲಿನ ವಿಚಾರ. ಹೆಚ್ಚು ಮಾರಾಟವಾದುದೇ ಉತ್ತಮವೆನ್ನುವುದು ವರ್ತಕನ ಲೆಕ್ಕ. ಹೆಚ್ಚು ಹೊತ್ತು ಆಡಿಸಿದುದೇ ಉತ್ತಮವೆಂದರೆ ಮದ್ಯವೇ ಶ್ರೇಷ್ಠ ಪಾನೀಯವಾದೀತು. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕಿಂತ ಮೇಲಾದ ಕೋಲೊಂದುಂಟು. ಕಾವ್ಯಪ್ರಕಾಶವನ್ನು ಬರೆದ ಮಮ್ಮಟನು ಕಾವ್ಯವನ್ನು ಉತ್ತಮ, ಮಧ್ಯಮ, ಅಧಮ ಎಂದು ಮೂರಾಗಿ ವಿಂಗಡಿಸಿದನು. ವ್ಯಂಗ್ಯಾರ್ಥವು ಪ್ರಧಾನವಾಗಿ ಬೆಳಗುವುದು ಉತ್ತಮ. ವ್ಯಂಗ್ಯವಿದ್ದರೂ ಅದು ಗೌಣವಾಗಿರುವುದು ಮಧ್ಯಮ. ಶಬ್ದಾರ್ಥಗಳ ಬೆಡಗಲ್ಲದೆ ಬೇರೇನೂ ಇಲ್ಲದುದು ಅಧಮ. ವ್ಯಂಗ್ಯವೆಂದರೆ ಇಲ್ಲಿ ಅಣಕವಲ್ಲ. ಬಾಯಿಬಿಟ್ಟು ಹೇಳದೆ ಸೂಚಿಸಿದ ಅರ್ಥ. ಸಹೃದಯನು ತಾನಾಗಿ ಅದನ್ನು ಕಂಡುಕೊಳ್ಳುತ್ತಾನೆಂಬ ನಂಬಿಕೆಯೇ ಅದರ ಮೂಲ. ಪಾಠಶಾಲೆಯಲ್ಲಿಯೂ ಹಾಗೆಯೇ ಅಲ್ಲವೇ? ಉತ್ತರವನ್ನು ಹೇಳಿಬಿಡುವ ಉಪಾಧ್ಯಾಯನಿಗಿಂತ, ಲೆಕ್ಕವನ್ನು ಸರಿಯಾದ ಕ್ರಮದಲ್ಲಿ ಮುಂದಿಟ್ಟು ಸುಮ್ಮನೆ ನಿಲ್ಲುವವನು ಮೇಲು. ಆಡುವವನ ಬುದ್ಧಿಯನ್ನು ನಂಬಿದ ಆಟವು ಉತ್ತಮ. ಅವನ ಆಸೆಯನ್ನು ನಂಬಿ ವ್ಯಾಪಾರ ಮಾಡುವ ಆಟವು ಅಧಮ. ಇದೇ ನನ್ನ ಕೋಲು.

ಈ ಕೋಲಿನಿಂದ ಅಳೆದಾಗ ಪ್ರಥಮ ಸ್ಥಾನವು 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟಕ್ಕೆ ಸಲ್ಲುತ್ತದೆ. ಅದರ ಗಾತ್ರವು 40 ಕಿಲೋಬೈಟು ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಭಾವಚಿತ್ರಕ್ಕೂ ಅಷ್ಟು ಸ್ಥಳವು ಸಾಲದು. ಮೇಲಿರುವ ಮೋಡಕ್ಕೂ ಕೆಳಗಿರುವ ಪೊದೆಗೂ ಒಂದೇ ಆಕಾರ, ಬಣ್ಣ ಮಾತ್ರ ಬೇರೆ, ಅಷ್ಟು ಮಿತವ್ಯಯ. ಆದರೂ ಅದರೊಳಗೆ 32 ಘಟ್ಟಗಳಿವೆ. ಮೊದಲನೆಯ ಘಟ್ಟದಲ್ಲಿ ವಿವರಣೆಯ ಮಾತು ಒಂದೂ ಇಲ್ಲ. ಮಾರಿಯೋ ಪರದೆಯ ಎಡಬದಿಯಲ್ಲಿ ಬಲಕ್ಕೆ ಮುಖಮಾಡಿ ನಿಂತಿರುತ್ತಾನೆ, ಮುಂದೆ ಬಯಲು. ಬಲಕ್ಕೆ ನಡೆಯಬೇಕೆಂದು ಯಾರೂ ಹೇಳಬೇಕಾಗಿಲ್ಲ. ಎದುರಿನಿಂದ ದುಷ್ಟಪ್ರಾಣಿಯೊಂದು ಬರುತ್ತದೆ, ತಗುಲಿದರೆ ಸಾವು. ಆದರೆ ಆಟವು ಆಗತಾನೆ ಆರಂಭವಾದುದರಿಂದ ನಷ್ಟವೇನೂ ಇಲ್ಲ; ಎರಡನೆಯ ಸಾರಿ ಹುಡುಗನು ಹಾರುತ್ತಾನೆ. ಪ್ರಶ್ನಾರ್ಥಕ ಚಿಹ್ನೆಯುಳ್ಳ ಪೆಟ್ಟಿಗೆಗೆ ತಲೆ ತಾಗಿದರೆ ನಾಣ್ಯ ಬರುತ್ತದೆ. ಇನ್ನೊಂದರಿಂದ ಅಣಬೆ ಹೊರಬಂದು, ಕೊಳವೆಗೆ ತಾಗಿ ಹಿಂದಿರುಗಿ ಅವನ ಕಡೆಗೇ ಬರುತ್ತದೆ. ಮುಟ್ಟಿದರೆ ಅವನು ಬೆಳೆಯುತ್ತಾನೆ. ಮುಂದೆ ಎರಡು ಜೋಡಿ ಮೆಟ್ಟಿಲುಗಳು. ಮೊದಲ ಜೋಡಿಯ ನಡುವೆ ಗಟ್ಟಿ ನೆಲ, ಎರಡನೆಯ ಜೋಡಿಯ ನಡುವೆ ಪಾತಾಳ. ಅಪಾಯವಿಲ್ಲದೆಡೆ ಅಭ್ಯಾಸ, ಅನಂತರ ಅಪಾಯವಿರುವೆಡೆ ಪರೀಕ್ಷೆ. ಇಷ್ಟು ಒಳ್ಳೆಯ ಪಾಠಕ್ರಮವನ್ನು ನಾನು ಉಪಾಧ್ಯಾಯರ ಶಿಕ್ಷಣಶಾಲೆಗಳಲ್ಲಿಯೂ ಹೆಚ್ಚಾಗಿ ಕಂಡವನಲ್ಲ. ಇದು ಶುದ್ಧವಾದ ಧ್ವನಿ.

ಎರಡನೆಯದು 2017ರ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್. ನೂರು ವರ್ಷಗಳ ನಿದ್ರೆಯಿಂದ ಎದ್ದ ವೀರನು ಗುಹೆಯಿಂದ ಹೊರಗೆ ಬರುತ್ತಲೇ ಇಡೀ ರಾಜ್ಯವು ಕಣ್ಣೆದುರಿಗೆ ಹರಡಿರುತ್ತದೆ. ಮೊದಲನೆಯ ಪ್ರಸ್ಥಭೂಮಿಯಲ್ಲಿ ಕೆಲವು ಉಪಾಯಗಳನ್ನು ಕಲಿತ ಮೇಲೆ ಅವನು ಯಾವ ದಿಕ್ಕಿಗಾದರೂ ಹೋಗಬಹುದು. ಧೈರ್ಯವಿದ್ದರೆ ನೆಟ್ಟಗೆ ಕೊನೆಯ ಶತ್ರುವಿನ ಕೋಟೆಗೇ ನಡೆಯಬಹುದು. ನಿರ್ದೇಶಕರಾದ ಹಿದೆಮಾರೋ ಫುಜಿಬಾಯಾಷಿಯವರು ಆಟದ ನಕ್ಷೆಗೆ ತಮಗೆ ಪರಿಚಿತವಾದ ಕ್ಯೋಟೋದ ನಕ್ಷೆಯನ್ನು ಹೊಂದಿಸಿ ದೂರಗಳನ್ನು ಅಂದಾಜು ಮಾಡಿದರು. ಇಲ್ಲಿಯ ನಿಯಮಗಳು ಕೆಲವೇ. ಮರವು ಉರಿಯುತ್ತದೆ, ಸಿಡಿಲು ಲೋಹವನ್ನರಸಿ ಬರುತ್ತದೆ, ಬೆಂಕಿಯ ಮೇಲೆ ಬಿಸಿಗಾಳಿ ಏಳುತ್ತದೆ. ಇವುಗಳನ್ನು ಒಂದಕ್ಕೊಂದು ಕೂಡಿಸಿ ಹುಡುಗರು ಕಟ್ಟುವ ಉಪಾಯಗಳಿಗೆ ಮಿತಿಯಿಲ್ಲ. ಸೂತ್ರ ಅಲ್ಪ, ಪ್ರಯೋಗ ಅನಲ್ಪ. ಪಾಣಿನಿಯನ್ನು ಓದಿದವರು ಇದನ್ನು ಮೆಚ್ಚದೆ ಇರಲಾರರು. ಗ್ರಂಥವು ಬಹಳ ಬೆಳೆದಿರುವುದರಿಂದ ಮಾತ್ರ ಇದನ್ನು ಎರಡನೆಯದಾಗಿ ಇರಿಸಿದ್ದೇನೆ. ಮಾರಿಯೋ ನಲವತ್ತು ಕಿಲೋಬೈಟಿನಲ್ಲಿ ಮಾಡಿದುದು ಸಣ್ಣ ಕೆಲಸವಲ್ಲ.

ಮೂರನೆಯದು 1996ರ ಸೂಪರ್ ಮಾರಿಯೋ 64. ಚಪ್ಪಟೆಯಾದ ಪರದೆಯಲ್ಲಿ ಆಳವಾದ ಜಗತ್ತೊಂದನ್ನು ತೋರಿಸಿ, ಅದರಲ್ಲಿ ನಡೆಯುವುದನ್ನು ಇದು ಕಲಿಸಿತು. ಮೊದಲು ಘಟ್ಟಗಳನ್ನು ರಚಿಸಿ ಆಮೇಲೆ ಓಟವನ್ನು ಸರಿಪಡಿಸಿದವರಲ್ಲ ಅದರ ಕರ್ತೃಗಳು. ಸಣ್ಣ ತೋಟವೊಂದರಲ್ಲಿ ಮೊಲವನ್ನು ಅಟ್ಟಿ ಹಿಡಿಯುವುದು ಹಿತವಾಗುವ ವರೆಗೆ ಓಟವನ್ನೇ ತಿದ್ದಿದರು. ಆಡುವವನು ಮೊದಲು ಬಂದಿಳಿಯುವ ಕೋಟೆಯ ಮುಂದಣ ಅಂಗಳದಲ್ಲಿ ಶತ್ರುಗಳಿಲ್ಲ. ಓಡಬಹುದು, ಮರ ಹತ್ತಬಹುದು, ಈಜಬಹುದು. ನಕ್ಷತ್ರಗಳು 120 ಇದ್ದರೂ 70 ದೊರೆತರೆ ಕೊನೆಯನ್ನು ಕಾಣಬಹುದು. ಉಳಿದುದು ಬೇಕಾದವರಿಗೆ ಮಾತ್ರ. ಈ ಔದಾರ್ಯವೂ ಗುಣವೇ.

ನಾಲ್ಕನೆಯದಾಗಿ 2006ರ ವೀ ಸ್ಪೋರ್ಟ್ಸ್ ಆಟವನ್ನಿಡುತ್ತೇನೆ. ಎಂಟು ಕೋಟಿಗೂ ಮಿಕ್ಕಿ ಪ್ರತಿಗಳು ಹೋದುವೆನ್ನುತ್ತಾರೆ. ಅನೇಕ ದೇಶಗಳಲ್ಲಿ ಯಂತ್ರದ ಜೊತೆಯಲ್ಲಿಯೇ ಕೊಡುತ್ತಿದ್ದುದರಿಂದ ಆ ಸಂಖ್ಯೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದರ ಗುಣವು ಬೇರೆ. ಕೈಯಲ್ಲಿ ಹಿಡಿದ ಕೋಲನ್ನು ಟೆನಿಸ್ ಆಡುವಂತೆ ಬೀಸಿದರೆ ಪರದೆಯಲ್ಲಿ ಚೆಂಡು ಹಾರುತ್ತದೆ. ಗುಂಡಿಗಳ ಗೊಂದಲವಿಲ್ಲವಾದುದರಿಂದ ಅಜ್ಜಿಯೂ ಮೊಮ್ಮಗಳೂ ಎದುರುಬದುರು ನಿಲ್ಲಬಹುದು. ನಮ್ಮ ಚೌಕಾಬಾರ, ಅಳಗುಳಿಮಣೆಗಳ ಸುತ್ತ ಮೂರು ತಲೆಮಾರಿನವರು ಕುಳಿತಿರುತ್ತಿದ್ದಂತೆ ಪಾಶ್ಚಾತ್ಯ ದೇಶಗಳ ಮನೆಗಳಲ್ಲಿ ಇದು ಎಲ್ಲರನ್ನೂ ಒಂದೆಡೆಗೆ ಕರೆತಂದಿತು. ಆಳವು ಕಡಮೆ, ಬೇಗ ಮುಗಿದುಹೋಗುತ್ತದೆ. ಮುಗಿಯುವುದನ್ನು ದೋಷವೆಂದು ಎಲ್ಲರೂ ಎಣಿಸಬೇಕಾಗಿಲ್ಲ.

ಇನ್ನು ಮಧ್ಯಮವರ್ಗ. ಇಲ್ಲಿ ಅನೇಕರು ನನ್ನ ಮೇಲೆ ಕೋಪಿಸಿಕೊಳ್ಳುವರೆಂದು ಬಲ್ಲೆ. 1998ರ ಜೆಲ್ಡಾ: ಒಕರೀನಾ ಆಫ್ ಟೈಮ್ ಆಟಕ್ಕೆ ಮೆಟಾಕ್ರಿಟಿಕ್ ಎಂಬಲ್ಲಿ ವಿಮರ್ಶಕರ ಸರಾಸರಿಯು 100ಕ್ಕೆ 99. ನಾನು ಅದನ್ನು ಐದನೆಯದಾಗಿ ಇಡುತ್ತೇನೆ. ಕಥೆಯು ಸುಂದರವಾದುದು. ಬಾಲಕನು ಏಳು ವರ್ಷಗಳ ಅನಂತರ ತರುಣನಾಗಿ ಎಚ್ಚರಗೊಂಡು, ತಾನು ಕಂಡಿದ್ದ ಊರು ಹಾಳಾಗಿರುವುದನ್ನು ನೋಡುತ್ತಾನೆ. ಅವನ ಕೊಳಲಿನ ಒಂದು ಸ್ವರಪ್ರಸ್ತಾರದಿಂದ ಮಳೆಯಾಗುತ್ತದೆ. ರಾಗದಿಂದ ಮಳೆ ಬರಿಸಿದ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ಪರಕೀಯವೆನಿಸದು. ಆದರೆ ಅವನ ಜೊತೆಗೆ ನವಿ ಎಂಬ ಸಣ್ಣ ಯಕ್ಷಿಣಿಯೊಂದುಂಟು. ಕೇಳು, ಕೇಳು ಎಂದು ಅದು ಮತ್ತೆ ಮತ್ತೆ ಕೂಗುತ್ತದೆ. ಹುಡುಗನು ಯೋಚಿಸುವುದಕ್ಕೆ ಮೊದಲೇ ಮುಂದಿನ ದಾರಿಯನ್ನು ಹೇಳುತ್ತದೆ. ಧ್ವನಿಯಿದೆ, ಆದರೆ ವಾಚ್ಯವು ಅದನ್ನು ಮುಚ್ಚುತ್ತದೆ. ಮಮ್ಮಟನ ಮಧ್ಯಮಕಾವ್ಯದ ಹತ್ತಿರಕ್ಕೆ ಬರುವುದು ಇದೇ.

ಆರನೆಯದು 2001ರಲ್ಲಿ ಆರಂಭವಾದ ಆ್ಯನಿಮಲ್ ಕ್ರಾಸಿಂಗ್. ಕತ್ಸುಯಾ ಎಗುಚಿಯವರು ಚಿಬಾ ಪ್ರಾಂತದಿಂದ ಕ್ಯೋಟೋಗೆ ಬಂದು ಮನೆಯವರನ್ನೂ ಗೆಳೆಯರನ್ನೂ ಅಗಲಿದ ಬೇಸರದಿಂದ ಇದರ ಕಲ್ಪನೆ ಹುಟ್ಟಿತು. ಒಂದು ಊರು, ಪ್ರಾಣಿರೂಪದ ನೆರೆಹೊರೆಯವರು, ನಮ್ಮ ಗಡಿಯಾರದಂತೆಯೇ ನಡೆಯುವ ಕಾಲ. ರಾತ್ರಿಯಾದರೆ ಅಲ್ಲಿಯೂ ರಾತ್ರಿ. ಮನೆ ಕಟ್ಟಲು ಸಾಲ ಕೊಡುವವನು ಬಡ್ಡಿಯನ್ನೂ ಕೇಳುವುದಿಲ್ಲ, ಗಡುವನ್ನೂ ಹಾಕುವುದಿಲ್ಲ. ಇಂಥ ಸಾಹುಕಾರನು ಆಟದಲ್ಲಿ ಮಾತ್ರ ಸಿಕ್ಕಾನು. 2020ರ ಮಾರ್ಚಿಯಲ್ಲಿ, ಕೋವಿಡ್ ವ್ಯಾಧಿಯಿಂದ ಜನರು ಮನೆಯೊಳಗೆ ಸೇರಿದ್ದಾಗ, ಇದರ ನ್ಯೂ ಹೊರೈಜನ್ಸ್ ಎಂಬ ಆವೃತ್ತಿಯು ಬಂದು, ಪರಸ್ಪರ ಭೇಟಿಯಾಗಲಾರದವರಿಗೆ ಭೇಟಿಯ ಸ್ಥಳವಾಯಿತು. ಆದರೆ ದಿನದಿನವೂ ಬಾ ಎಂದು ಕರೆಯುವ ಸ್ವಭಾವವೂ ವಸ್ತುಗಳನ್ನು ಕೂಡಿಹಾಕುವ ಹಂಬಲವೂ ಇದರಲ್ಲಿ ಬೆರೆತಿವೆ. ಆದ್ದರಿಂದ ಮಧ್ಯಮ.

ಆ ಹಂಬಲವೇ ಪ್ರಧಾನವಾದರೆ ಏನಾಗುವುದು? ಉತ್ತರವು ಇದೇ ಸಂಸ್ಥೆಯಲ್ಲಿದೆ. 2017ರಲ್ಲಿ ಮೊಬೈಲಿಗೆಂದು ಫೈರ್ ಎಂಬ್ಲೆಮ್ ಹೀರೋಸ್ ಎಂಬ ಆಟವೂ, ಆ್ಯನಿಮಲ್ ಕ್ರಾಸಿಂಗಿನ ಪಾಕೆಟ್ ಕ್ಯಾಂಪ್ ಎಂಬ ಆವೃತ್ತಿಯೂ ಬಂದವು. ಬಂದಾಗ ಎರಡೂ ಆರಂಭಕ್ಕೆ ಉಚಿತವಾಗಿದ್ದವು. ಮೊದಲನೆಯದರಲ್ಲಿ ವೀರರನ್ನು ಪಡೆಯಲು ಮಣಿಗಳು ಬೇಕು. ಮಣಿಗಳನ್ನು ಆಡಿ ಗಳಿಸಬಹುದು, ಹಣ ಕೊಟ್ಟು ಕೊಳ್ಳಲೂಬಹುದು. ಕೊಟ್ಟ ಮೇಲೆ ಬರುವ ವೀರನು ಯಾರೆಂಬುದು ಮಾತ್ರ ಚೀಟಿ ಎತ್ತಿದಂತೆ. ಕಣ್ಣು ಕೋರೈಸುವ ಬೆಳಕು, ಕಿವಿಗಿಂಪಾದ ಝಣತ್ಕಾರ, ಮತ್ತೊಮ್ಮೆ ಎತ್ತಿ ನೋಡೋಣವೆಂಬ ಚಪಲ. 2018ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು, ಕೆಲವು ಪ್ರಸಿದ್ಧ ಆಟಗಳಲ್ಲಿ ಹಣ ತೆತ್ತು ತೆರೆಯುವ ಇಂಥ ಅದೃಷ್ಟದ ಪೆಟ್ಟಿಗೆಗಳು ಜೂಜೇ ಸರಿ ಎಂದು ತೀರ್ಮಾನಿಸಿತು. ಆ ಆಟಗಳು ನಿಂಟೆಂಡೊದವಲ್ಲ. ಆದರೆ ಆ ದೇಶದಲ್ಲಿ ಕಾನೂನಿನ ಸ್ಥಿತಿಯು ಅಸ್ಪಷ್ಟವಾಗಿದೆಯೆಂದು ಹೇಳಿ, 2019ರ ಆಗಸ್ಟಿನಲ್ಲಿ ನಿಂಟೆಂಡೊ ಸಂಸ್ಥೆಯು ತನ್ನ ಈ ಎರಡು ಆಟಗಳನ್ನೂ ಅಲ್ಲಿಂದ ಹಿಂತೆಗೆದುಕೊಂಡಿತು.

ಹೂವಿನ ಎಲೆಗಳ ಸಂಗತಿಯನ್ನು ಈಗ ನೆನೆಯಬೇಕು. ಜೂಜುಕಟ್ಟೆಯ ಎಲೆಗಳಿಂದ ಆರಂಭವಾದ ಮನೆತನವು ಬುದ್ಧಿಗೆ ಹಬ್ಬವಾಗುವ ಆಟಗಳ ಶಿಖರವನ್ನೇರಿತು. ಮೊಬೈಲಿನ ಕಾಲದಲ್ಲಿ ಅದೇ ಮನೆಯ ಒಂದು ಬಾಗಿಲು ಮತ್ತೆ ಆ ಕಟ್ಟೆಯ ಕಡೆಗೆ ತೆರೆಯಿತು. ಒಂದು ಸಂಸ್ಥೆಯನ್ನು ನಿಂದಿಸಲು ಇದನ್ನು ಹೇಳುತ್ತಿಲ್ಲ. ಇತರರ ಅಂಗಡಿಗಳಲ್ಲಿ ಇದಕ್ಕಿಂತ ಹೀನವಾದ ಸರಕು ಬೇಕಾದಷ್ಟಿದೆ. ಜೂಜುಗಾರನ ಪಶ್ಚಾತ್ತಾಪವನ್ನು ಕುರಿತ ಸೂಕ್ತವೊಂದು ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಇದೆ. ಹಾಳಾದ ಮನೆ, ದೂರವಾದ ಹೆಂಡತಿ, ಬೆನ್ನು ತಿರುಗಿಸಿದ ಬಂಧುಗಳು ಎಲ್ಲವೂ ಅದರಲ್ಲಿವೆ. ಅಂದಿನ ದಾಳಗಳು ಇಂದು ಮಗುವಿನ ಅಂಗೈಯ ಗಾಜಿನೊಳಗೆ ಉರುಳುತ್ತಿವೆ. ಇಷ್ಟೇ ವ್ಯತ್ಯಾಸ.

ಆದುದರಿಂದ ಗೃಹಸ್ಥರು ಮಾಡತಕ್ಕದ್ದೇನು? ಸಂಸ್ಥೆಯ ಹೆಸರನ್ನು ನೋಡಿ ಆಟವನ್ನು ಕೊಳ್ಳಬೇಡಿ, ಹೆಸರನ್ನು ನೋಡಿ ಬಿಡಲೂ ಬೇಡಿ. ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು ಮೂರು ಸಂಗತಿಗಳನ್ನು ಗಮನಿಸಿ. ಸೋತಾಗ ಮಗು ಏಕೆ ಸೋತೆನೆಂದು ಯೋಚಿಸುತ್ತದೆಯೋ, ಅದೃಷ್ಟವನ್ನು ಹಳಿಯುತ್ತದೆಯೋ? ಮುಂದಿನ ಹೆಜ್ಜೆಯನ್ನು ತಾನೇ ಕಂಡುಕೊಳ್ಳುತ್ತದೆಯೋ, ಪರದೆಯ ಆಜ್ಞೆಗೆ ಕಾಯುತ್ತದೆಯೋ? ಕೊಂಡ ಮೇಲೆ ಆಟವು ನಿಮ್ಮ ಹಣದ ಚೀಲವನ್ನು ಮರೆಯುತ್ತದೆಯೋ, ಪದೇ ಪದೇ ನೆನೆಯುತ್ತದೆಯೋ? ಮೂರಕ್ಕೂ ಒಳ್ಳೆಯ ಉತ್ತರ ದೊರೆತರೆ ಆ ಆಟಕ್ಕೆ ಮನೆಯಲ್ಲಿ ಒಂದು ಮಣೆ ಹಾಕಿ. ಎರಡಕ್ಕೆ ದೊರೆತರೆ ಹೊತ್ತನ್ನು ಗೊತ್ತುಮಾಡಿ ಆಡಗೊಡಿಸಿ. ಮೂರನೆಯ ಪ್ರಶ್ನೆಯೊಂದಕ್ಕೇ ಕೆಟ್ಟ ಉತ್ತರ ಬಂದರೂ, ಉಳಿದೆರಡರ ಗುಣ ಎಷ್ಟೇ ಇರಲಿ, ಹೊಸ್ತಿಲಿನಿಂದಾಚೆಗೇ ಇರಿಸಿ.