ಅಜ್ಜನ ಹೆಸರು ಜನಗಣತಿಯಲ್ಲಿ ಸಿಗದು

ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ಕನ್ನಡಿಗರ ಮೂರನೆಯ, ನಾಲ್ಕನೆಯ ತಲೆಮಾರು ಇಂದು ಈ ಮಹಾನಗರದಲ್ಲಿದೆ. ಹೋಟೆಲಿನಲ್ಲಿ, ಗಿರಣಿಯಲ್ಲಿ, ಕಚೇರಿಯಲ್ಲಿ ದುಡಿದ ಅಜ್ಜಂದಿರ ಮೊಮ್ಮಕ್ಕಳು ಲಂಡನ್, ನ್ಯೂಯಾರ್ಕ್‌ಗಳಲ್ಲೂ ನೆಲೆಸಿದ್ದಾರೆ. ಅಲ್ಲಿನವರು ನೂರೈವತ್ತು ವರ್ಷ ಹಿಂದಿನ ಜನಗಣತಿಯ ಹಾಳೆಯಲ್ಲಿ ಮುತ್ತಜ್ಜನ ಹೆಸರು, ವಯಸ್ಸು, ಕಸುಬು ತೋರಿಸಿದಾಗ ತಮ್ಮ ಮನೆತನದ್ದೂ ಹೀಗೆ ಸಿಗಬಹುದೇ ಎಂಬ ಕುತೂಹಲ ಇವರಿಗೆ ಮೂಡುವುದು ಸಹಜ. ಉತ್ತರ ಮಾತ್ರ ನಿರಾಶಾದಾಯಕ.

ಬ್ರಿಟನ್‌ನಲ್ಲಿ 1841ರಿಂದ ಮನೆ ಮನೆಯವರ ಹೆಸರಿರುವ ಗಣತಿ ಹಾಳೆಗಳನ್ನು ಕಾದಿಡಲಾಗಿದೆ. ನೂರು ವರ್ಷ ಗೋಪ್ಯವಾಗಿಟ್ಟು ಬಳಿಕ ಜನರಿಗೆ ತೆರೆಯುವುದು ಅಲ್ಲಿನ ಕ್ರಮ. ಅದರಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನ 1921ರ ಗಣತಿ 2022ರ ಜನವರಿಯಲ್ಲಿ ಬೆಳಕು ಕಂಡಿತು. 1931ರ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಅಮೆರಿಕದಲ್ಲಿ ಈ ಅವಧಿ 72 ವರ್ಷ. ಅಲ್ಲಿನ 1950ರ ಹಾಳೆಗಳು 2022ರ ಏಪ್ರಿಲ್ 1ರಂದು ತೆರೆದವು.

ಭಾರತದಲ್ಲಿ ಮೊದಲ ಗಣತಿ 1872ರದ್ದು. ದೇಶದಾದ್ಯಂತ ಏಕಕಾಲಕ್ಕೆ ನಡೆದದ್ದು 1881ರಲ್ಲಿ. ಹಿರಿಯರ ಬಾಯಲ್ಲಿ ಅದು ಖಾನೇಸುಮಾರಿ. ಆದರೆ ಇಲ್ಲಿ ಸರಕಾರಕ್ಕೆ ಬೇಕಾಗಿದ್ದುದು ಲೆಕ್ಕ. ಮನೆಯ ವಿವರಗಳನ್ನು ಚೀಟಿಗಳಿಗೆ ಇಳಿಸಿ, ವಿಂಗಡಿಸಿ, ಎಣಿಸಿ ಕೋಷ್ಟಕ ಮಾಡಲಾಯಿತು. ಕೋಷ್ಟಕ ಅಚ್ಚಾಯಿತು, ಹೆಸರುಗಳನ್ನು ಮುಂದಿನವರಿಗಾಗಿ ಕಾದಿಡುವ ಪರಿಪಾಠ ಬೆಳೆಯಲಿಲ್ಲ. 1948ರ ಜನಗಣತಿ ಕಾಯಿದೆಯ 15ನೇ ಕಲಮಿನ ಪ್ರಕಾರ ಗಣತಿಯ ದಾಖಲೆಗಳನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ. ಇಷ್ಟು ವರ್ಷಗಳ ಬಳಿಕ ತೆರೆಯಲಾಗುವುದು ಎಂಬ ಮಾತೂ ಅದರಲ್ಲಿಲ್ಲ.

ಇದಕ್ಕೆ ದೊಡ್ಡ ಅಪವಾದ ಅಸ್ಸಾಮ್. 1951ರ ಗಣತಿಯ ಆಧಾರದಲ್ಲಿ ಅಲ್ಲಿ ಪೌರರ ರಾಷ್ಟ್ರೀಯ ನೋಂದಣಿ ಪುಸ್ತಕ ತಯಾರಾಯಿತು. ಅದು ಪರಿಷ್ಕರಣೆಯಾದಾಗ ಲಕ್ಷಾಂತರ ಜನ ಅಜ್ಜನ ಹೆಸರು ಹುಡುಕಿ, ಅವರೊಂದಿಗಿನ ಸಂಬಂಧವನ್ನು ಕಾಗದಪತ್ರಗಳಿಂದ ರುಜುವಾತುಪಡಿಸಬೇಕಾಯಿತು. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಮಂದಿ ಹೊರಗುಳಿದರು. ಗಣತಿಯ ಗೋಪ್ಯತೆ ಎಷ್ಟು ಮುಖ್ಯ, ಮನೆಯಲ್ಲಿ ಕಾಗದಪತ್ರ ಇಟ್ಟುಕೊಳ್ಳುವುದು ಎಷ್ಟು ಅಗತ್ಯ ಎಂಬ ಎರಡೂ ಪಾಠ ಇದರಲ್ಲಿದೆ.

ಹಾಗೆಂದು ಹಳೆಯ ಗಣತಿ ವರದಿಗಳು ನಿರುಪಯುಕ್ತವಲ್ಲ. ಅಜ್ಜನ ಹೆಸರು ಹೇಳದಿದ್ದರೂ ಅವರು ಬದುಕಿದ ಕಾಲವನ್ನು ಅವು ಹೇಳುತ್ತವೆ. 1891ರಲ್ಲಿ 8,21,764 ಇದ್ದ ಮುಂಬಯಿಯ ಜನಸಂಖ್ಯೆ 1901ರಲ್ಲಿ 7,76,006ಕ್ಕೆ ಇಳಿಯಿತು. ನಡುವೆ ಬಂದದ್ದು 1896ರ ಪ್ಲೇಗು. ‘ಅಜ್ಜ ಮುಂಬಯಿಗೆ ಬಂದು ಮತ್ತೆ ಊರಿಗೆ ಓಡಿಹೋಗಿದ್ದರಂತೆ’ ಎಂಬ ಮಾತು ಮನೆಯಲ್ಲಿದ್ದರೆ, ಅದಕ್ಕೆ ಇಂತಹ ಹಿನ್ನೆಲೆ ಇರಬಹುದು. ಹುಟ್ಟಿದ ಸ್ಥಳ, ಮಾತೃಭಾಷೆ, ಕಸುಬುಗಳ ಕೋಷ್ಟಕಗಳು ಯಾವ ಕಡೆಯಿಂದ ಯಾರು ಬಂದರು, ಏನು ಕೆಲಸ ಹಿಡಿದರು ಎಂಬ ಚಿತ್ರ ಕೊಡುತ್ತವೆ. 1951ರಿಂದ ಪ್ರಕಟವಾದ ಜಿಲ್ಲಾ ಜನಗಣತಿ ಕೈಪಿಡಿಗಳಲ್ಲಿ ಹಳ್ಳಿ ಹಳ್ಳಿಯ ಅಂಕಿಅಂಶವಿದೆ.

ಎಲ್ಲಿ ಹುಡುಕಬೇಕು ಎಂಬುದು ಮಾತ್ರ ತಿಳಿದಿರಬೇಕು. 1956ಕ್ಕೆ ಮೊದಲು ಕನ್ನಡ ನಾಡು ಹರಿದು ಹಂಚಿಹೋಗಿತ್ತು. ಬ್ರಿಟಿಷರ ಕಾಲದಲ್ಲಿ ಉಡುಪಿ, ಮಂಗಳೂರು, ಕಾಸರಗೋಡಿನವರು ಮದ್ರಾಸು ಪ್ರಾಂತದ ವರದಿ ನೋಡಬೇಕು. ಕಾರವಾರ, ಧಾರವಾಡ, ಬೆಳಗಾವಿ, ವಿಜಾಪುರದವರಿಗೆ ಮುಂಬಯಿ ಪ್ರಾಂತದ್ದು; ಕಲಬುರ್ಗಿ, ರಾಯಚೂರು, ಬೀದರ್‌ನವರಿಗೆ ಹೈದರಾಬಾದ್ ಸಂಸ್ಥಾನದ್ದು. ಮೈಸೂರು ಸಂಸ್ಥಾನಕ್ಕೂ ಕೊಡಗಿಗೂ ಬೇರೆ ಬೇರೆ ವರದಿಗಳಿವೆ.

ಹೆಸರುಗಳಿಗಾಗಿ ಬೇರೆ ಬಾಗಿಲು ತಟ್ಟಬೇಕು. ಪಹಣಿ ಪತ್ರಗಳು, ಗೇಣಿ ಚೀಟಿಗಳು, 1974ರ ಭೂಸುಧಾರಣೆಯ ಬಳಿಕ ಒಕ್ಕಲುಗಳು ಸಲ್ಲಿಸಿದ ಫಾರ್ಮ್ ನಂಬರ್ 7ರ ಅರ್ಜಿಗಳು ಊರಿನ ಕಡೆ ಸಿಗಬಹುದಾದ ಆಧಾರಗಳು. ಅಳಿಯಸಂತಾನ ಕುಟುಂಬಗಳ ಪಾಲುಪಟ್ಟಿಗಳು ಬಹಳ ಬೆಲೆಬಾಳುವಂತಹವು. ಗಂಡುಮಕ್ಕಳ ಹೆಸರಷ್ಟೇ ಇರುವ ವಂಶಾವಳಿಗಳಲ್ಲಿ ಮರೆಯಾಗುವ ಅಜ್ಜಿ, ಮುತ್ತಜ್ಜಿಯರು ಇಲ್ಲಿ ಸಂತತಿಯ ಮೂಲದಲ್ಲೇ ನಿಲ್ಲುತ್ತಾರೆ. ನಾಶಿಕ್, ತ್ರ್ಯಂಬಕೇಶ್ವರಗಳಿಗೆ ಹಿರಿಯರು ಹೋಗಿದ್ದರೆ ಅಲ್ಲಿನ ತೀರ್ಥಪುರೋಹಿತರ ವಹಿಗಳನ್ನೂ ವಿಚಾರಿಸಬಹುದು. ಮುಂಬಯಿಯಲ್ಲಿ ಶಾಲಾ ದಾಖಲೆ, ಗಿರಣಿಯ ಕಾಗದ, ಹಳೆಯ ರೇಶನ್ ಕಾರ್ಡುಗಳಿವೆ. ಯಾವ ಒಂದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಲ್ಲಿ ಬರೆದ ಜನ್ಮದಿನವೇ ಎಷ್ಟೋ ಮಂದಿಗೆ ಕೊನೆಯವರೆಗೂ ಉಳಿದಿದೆ. ಒಂದು ಕಾಗದವನ್ನು ಇನ್ನೊಂದರೊಂದಿಗೆ ತಾಳೆ ನೋಡಬೇಕು.

ಎಲ್ಲಕ್ಕಿಂತ ದೊಡ್ಡ ದಾಖಲೆ ಎಂದರೆ ಎಂಬತ್ತು ದಾಟಿದ ಹಿರಿಯರ ನೆನಪು. ಕುಟುಂಬದ ಮನೆ ಯಾವುದು, ಯಾರ ಜತೆ ಮುಂಬಯಿಗೆ ಬಂದದ್ದು, ಮೊದಲು ಯಾವ ಚಾಳಿನಲ್ಲಿ ಇದ್ದದ್ದು ಎಂಬುದನ್ನು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ಹೋದ ಮೇಲೆ ಯಾವ ಕಚೇರಿಗೆ ಅರ್ಜಿ ಹಾಕಿದರೂ ಈ ಉತ್ತರ ಬರುವುದಿಲ್ಲ.

ಇಲ್ಲಿ ಕನ್ನಡ ಸಂಘ, ಸಮಾಜ, ಮಂಡಳಿಗಳ ಹೊಣೆ ದೊಡ್ಡದು. ವಾರ್ಷಿಕೋತ್ಸವ, ಸನ್ಮಾನ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಶ್ರಮಿಸುವ ಪದಾಧಿಕಾರಿಗಳು ತಮ್ಮದೇ ಕಪಾಟಿನಲ್ಲಿರುವ ಹಳೆಯ ಸದಸ್ಯತ್ವ ಪುಸ್ತಕ, ಸಭೆಯ ನಡಾವಳಿ, ಸ್ಮರಣ ಸಂಚಿಕೆಗಳತ್ತ ಒಮ್ಮೆ ನೋಡಬೇಕು. ಸದಸ್ಯರ ಊರು, ಉದ್ಯೋಗ, ವಿಳಾಸ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಕಟ್ಟಡ ಪುನರಾಭಿವೃದ್ಧಿಗೆ ಹೋಗುವಾಗ ಇಂತಹ ಪುಸ್ತಕಗಳು ರದ್ದಿಯ ಪಾಲಾಗಬಾರದು. ಅವನ್ನು ಸ್ಕ್ಯಾನ್ ಮಾಡಿಸಿ ಇಡಬೇಕು. ವರ್ಷಕ್ಕೆ ಎರಡು ಭಾನುವಾರಗಳನ್ನು ಮೀಸಲಿಟ್ಟು, ಯುವ ವಿಭಾಗ ಮತ್ತು ಮಹಿಳಾ ವಿಭಾಗದವರು ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಳ್ಳಲಿ. ಇಚ್ಛೆಯುಳ್ಳ ಕುಟುಂಬಗಳ ವಿವರ ಮಾತ್ರ ಬರೆಯಬೇಕು. ಅವರ ಒಪ್ಪಿಗೆ ಇಲ್ಲದೆ ಅದು ಹೊರಗೆ ಹೋಗಬಾರದು.

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಜನಗಣತಿಗೆ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿದೆ. 2011ರ ಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯಾಗಿ ಬರೆಸಿದವರು ಸುಮಾರು 10 ಲಕ್ಷ. ಮನೆಯಲ್ಲಾಡುವ ಭಾಷೆ ಕನ್ನಡವಿರಲಿ, ತುಳು, ಕೊಂಕಣಿ, ಬ್ಯಾರಿ ಇರಲಿ, ಅದನ್ನು ಇದ್ದಂತೆ ಹೇಳಿ ಬರೆಸುವುದು ಪ್ರತಿ ಮನೆಯ ಕರ್ತವ್ಯ. ಗಣತಿದಾರರಿಗೆ ಕೊಟ್ಟ ಉತ್ತರ ಸರಕಾರದ ಲೆಕ್ಕಕ್ಕೆ ಸೇರುತ್ತದೆ. ಅದೇ ದಿನ ಮನೆಯವರೆಲ್ಲರ ಹೆಸರು, ಹುಟ್ಟಿದ ಊರು, ತಂದೆ ತಾಯಿ ಹಾಗೂ ಅಜ್ಜ ಅಜ್ಜಿಯರ ಹೆಸರನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದು, ತಾರೀಕು ಹಾಕಿ ಇಟ್ಟರೆ ಮರಿಮಕ್ಕಳ ಕಾಲಕ್ಕೆ ಒಂದು ಆಧಾರ ಉಳಿಯುತ್ತದೆ. ಇದಕ್ಕೆ ಬೇಕಾದದ್ದು ಒಂದು ವಹಿ, ಒಂದು ಸಂಜೆಯ ಬಿಡುವು.